ಹೊಟ್ಟೆಯ ಸೆರೊಟೋನಿನ್ ಮೆದುಳಿಗೆ ಹೋಗುವುದಿಲ್ಲ: ಬಾಳೆಹಣ್ಣಿನ ಪ್ರಶ್ನೆಗೆ ಮತ್ತೊಮ್ಮೆ ಉತ್ತರ

ಪ್ರಶ್ನೆ: ಖುಷಿ ಕೊಡುವ ಸೆರೊಟೋನಿನ್ ನೂರಕ್ಕೆ ತೊಂಬತ್ತು ಭಾಗ ಹೊಟ್ಟೆಯಲ್ಲೇ ತಯಾರಾಗುತ್ತದಂತೆ. ರಾತ್ರಿ ಊಟವಾದ ಮೇಲೆ ಬಾಳೆಹಣ್ಣು ತಿಂದರೆ ಅದು ಹೆಚ್ಚಾಗಿ ಮನಸ್ಸಿನ ಬೇಜಾರು ಹೋಗುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ಇದೇ ಪ್ರಶ್ನೆ ಒಮ್ಮೆ ಬಾಳೆಹಣ್ಣಿನ ಹೆಸರಲ್ಲಿ, ಒಮ್ಮೆ ಚಾಕೊಲೇಟಿನ ಹೆಸರಲ್ಲಿ, ಇನ್ನೊಮ್ಮೆ ಪ್ರೊಬಯಾಟಿಕ್ ಬಾಟಲಿಯ ಹೆಸರಲ್ಲಿ ಬರುತ್ತಲೇ ಇದೆ. ಆದ್ದರಿಂದ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ತೊಂಬತ್ತು ಭಾಗ ಹೊಟ್ಟೆಯಲ್ಲಿ ಎಂಬುದು ನಿಜ. ಅದನ್ನು ತಯಾರಿಸುವುದು ಕರುಳಿನ ಒಳಪದರದ ಎಂಟೆರೊಕ್ರೊಮಾಫಿನ್ ಎಂಬ ಜೀವಕೋಶಗಳು. ಸುಳ್ಳಿರುವುದು ಅದರ ಮುಂದಿನ ಮಾತಿನಲ್ಲಿ. ಆ ಸೆರೊಟೋನಿನ್ ಮೆದುಳಿಗೆ ಹೋಗುವುದೇ ಇಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಅದನ್ನು ಒಳಗೆ ಬಿಡುವುದಿಲ್ಲ. ಕರುಳಿನ ಸೆರೊಟೋನಿನ್ ಅಲ್ಲೇ ಕೆಲಸ ಮಾಡುತ್ತದೆ: ಆಹಾರವನ್ನು ಮುಂದೆ ತಳ್ಳಿಸುತ್ತದೆ, ಜೀರ್ಣರಸ ಸುರಿಸುತ್ತದೆ. ಮಿಕ್ಕಿದ್ದು ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಮೆದುಳಿಗೆ ಅದು ಸುದ್ದಿಯನ್ನಂತೂ ಕಳಿಸುತ್ತದೆ, ಹೊಟ್ಟೆಯನ್ನೂ ಮೆದುಳನ್ನೂ ಜೋಡಿಸುವ ವೇಗಸ್ ನರದ ಮೂಲಕ. ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರಿಗೆ ವಾಂತಿ ಬರುವುದು ಬಹುಪಾಲು ಇದೇ ದಾರಿಯಿಂದ. ಒಂಡಾನ್‌ಸೆಟ್ರಾನ್ ಮಾತ್ರೆ ತಡೆಯುವುದು ಈ ಸುದ್ದಿಯನ್ನೇ. ಹೊಟ್ಟೆಯಲ್ಲಿ ಸೆರೊಟೋನಿನ್ ಉಕ್ಕಿದರೆ ಆಗುವುದು ಖುಷಿಯಲ್ಲ, ವಾಂತಿ ಭೇದಿ.

ಮೆದುಳು ತನಗೆ ಬೇಕಾದ ಸೆರೊಟೋನಿನ್ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಕಚ್ಚಾಮಾಲು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ. 1901ರಲ್ಲಿ ಹಾಪ್ಕಿನ್ಸ್ ಮತ್ತು ಕೋಲ್ ಹಾಲಿನ ಪ್ರೋಟೀನಿನಿಂದ ಇದನ್ನು ಬೇರ್ಪಡಿಸಿದರು. ನಮ್ಮ ದೇಹ ಇದನ್ನು ತಯಾರಿಸಲಾರದು, ಊಟದಿಂದಲೇ ಬರಬೇಕು. ದಿನಕ್ಕೆ ಕೆ.ಜಿ. ತೂಕಕ್ಕೆ 4 ಮಿ.ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 240 ಮಿ.ಗ್ರಾಂ ಸಾಕು. ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 10 ಮಿ.ಗ್ರಾಂ. ಒಂದು ಲೋಟ ಹಾಲಿನಲ್ಲಿ 80ರ ಆಸುಪಾಸು, ಒಂದು ಹಿಡಿ ಶೇಂಗಾದಲ್ಲಿ 70ರ ಮೇಲೆ, 50 ಗ್ರಾಂ ತೊಗರಿಬೇಳೆಯಲ್ಲಿ 80ರಿಂದ 100. ಬಾಳೆಹಣ್ಣನ್ನೇ ನಂಬಿದರೆ ದಿನಕ್ಕೆ ಎರಡು ಡಜನ್ ಬೇಕು! ಹಣ್ಣಿನಲ್ಲಿ ನೇರವಾಗಿ ಸೆರೊಟೋನಿನ್ ಇದೆಯಲ್ಲ ಎನ್ನುವವರಿಗೆ ಉತ್ತರ ಆಗಲೇ ಆಯಿತು, ಅದು ಮೆದುಳಿಗೆ ದಾಟುವುದಿಲ್ಲ.

ಟ್ರಿಪ್ಟೊಫ್ಯಾನ್ ಮಾತ್ರ ದಾಟುತ್ತದೆ. ಅದರಲ್ಲೂ ತೊಡಕಿದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫಿನೈಲ್‌ಅಲನಿನ್ ಎಂಬ ಬೇರೆ ಅಮೈನೋ ಆಮ್ಲಗಳಿಗೆಲ್ಲ ಮೆದುಳಿನೊಳಗೆ ಹೋಗಲು ಅದೇ ಬಾಗಿಲು. ಸುಗ್ಗಿಯಲ್ಲಿ ಎಪಿಎಂಸಿ ಗೇಟಿನ ಮುಂದೆ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ಸಾಲುಗಟ್ಟಿದಾಗ ಒಂದೆರಡು ಶೇಂಗಾ ಗಾಡಿ ಕಾಯಬೇಕಾಗುವ ಹಾಗೆ, ಸಂಖ್ಯೆಯಲ್ಲಿ ಕಡಿಮೆಯಿರುವ ಟ್ರಿಪ್ಟೊಫ್ಯಾನ್ ಹಿಂದೆ ಬೀಳುತ್ತದೆ. ಬರೀ ಪಿಷ್ಟ ತಿಂದರೆ ಇನ್ಸುಲಿನ್ ಉಳಿದವನ್ನು ಸ್ನಾಯುಗಳಿಗೆ ಕಳಿಸಿ ದಾರಿ ಬಿಡಿಸುತ್ತದೆ, ನಿಜ. ಆದರೆ ಊಟದ ಶಕ್ತಿಯಲ್ಲಿ ಶೇ 5ರಷ್ಟು ಪ್ರೋಟೀನಿನಿಂದ ಬಂದರೂ ಆ ಅನುಕೂಲ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಏನೂ ಬೆರೆಸದ ಮಂಡಕ್ಕಿಯಲ್ಲೂ ಅದಕ್ಕಿಂತ ಹೆಚ್ಚು ಪ್ರೋಟೀನಿದೆ. ಒಂದು ತಿನಿಸು ತಿಂದು ಅದೇ ರಾತ್ರಿ ಮನಸ್ಸು ಬದಲಿಸುವ ಲೆಕ್ಕ ಇಲ್ಲಿಗೆ ಮುಗಿಯಿತು.

ಇನ್ನು ಸೂಕ್ಷ್ಮಾಣುಗಳ ಪಾತ್ರ. ಸಣ್ಣಕರುಳಿನಲ್ಲಿ ಹೀರಿಕೆಯಾಗದೆ ಉಳಿದ ಟ್ರಿಪ್ಟೊಫ್ಯಾನ್ ದೊಡ್ಡಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರಿಂದ ಇಂಡೋಲ್ ಮತ್ತು ಅದರ ಬಳಗದ ವಸ್ತುಗಳನ್ನು ಮಾಡುತ್ತವೆ. ಇವುಗಳಲ್ಲಿ ಕೆಲವು ಕರುಳಿನ ಗೋಡೆಯನ್ನು ಬಿಗಿಯಾಗಿಡುತ್ತವೆ, ಉರಿಯೂತ ತಗ್ಗಿಸುತ್ತವೆ. ನಾರನ್ನು ಹುಳಿಸಿದಾಗ ಹುಟ್ಟುವ ಬ್ಯುಟಿರೇಟ್‌ನಂಥ ಆಮ್ಲಗಳು ಕರುಳಿನ ಜೀವಕೋಶಗಳಿಗೆ ಸೆರೊಟೋನಿನ್ ಮಾಡಲು ಪ್ರೇರಣೆ ಕೊಡುತ್ತವೆ. 2015ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು ಸೂಕ್ಷ್ಮಾಣುಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸೆರೊಟೋನಿನ್ ಸುಮಾರು ಶೇ 60 ಕಡಿಮೆ ಇದ್ದುದನ್ನು ಕಂಡರು. ನಾರು ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಪ್ರೋಟೀನನ್ನೇ ಹೆಚ್ಚು ಕೊಳೆಸುತ್ತವೆ. ಬೇಳೆಯ ಜೊತೆ ಸೊಪ್ಪು, ಜೋಳದ ರೊಟ್ಟಿ, ರಾಗಿ ಮುದ್ದೆ, ಹುರುಳಿ ಇರಲಿ ಎನ್ನುವುದು ಇದಕ್ಕೇ.

ದೇಹದಲ್ಲಿ ಒಡೆಯುವ ಟ್ರಿಪ್ಟೊಫ್ಯಾನಿನ ಸುಮಾರು ಶೇ 95 ಪಾಲು ಹೋಗುವುದು ಸೆರೊಟೋನಿನ್ ಕಡೆಗಲ್ಲ, ಕೈನುರೆನಿನ್ ಎಂಬ ಇನ್ನೊಂದು ದಾರಿಗೆ. ಒಳಗೆ ದೀರ್ಘಕಾಲದ ಉರಿಯೂತವಿದ್ದರೆ ಆ ದಾರಿ ಇನ್ನಷ್ಟು ಎಳೆದುಕೊಳ್ಳುತ್ತದೆ. ಹಾಗೆಂದು ಟ್ರಿಪ್ಟೊಫ್ಯಾನ್ ಅಥವಾ 5-ಎಚ್‌ಟಿಪಿ (ಟ್ರಿಪ್ಟೊಫ್ಯಾನ್ ಸೆರೊಟೋನಿನ್ ಆಗುವ ದಾರಿಯ ನಡುವಿನ ವಸ್ತು) ಮಾತ್ರೆ ಕೊಳ್ಳಬೇಡಿ. ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಖಿನ್ನತೆಯ ಔಷಧಿಯಲ್ಲಿರುವವರಿಗೆ ಅವುಗಳಿಂದ ನಡುಕ, ಜ್ವರ, ಎದೆಬಡಿತ ಏರಿ ಪ್ರಾಣಕ್ಕೇ ಅಪಾಯವಾಗಬಹುದು.

ಆ ಇನ್ನೊಂದು ದಾರಿಯ ಕೊನೆಯಲ್ಲಿ ಹುಟ್ಟುವುದು ನಿಯಾಸಿನ್, ಅಂದರೆ ಬಿ3: 60 ಮಿ.ಗ್ರಾಂ ಟ್ರಿಪ್ಟೊಫ್ಯಾನಿಗೆ 1 ಮಿ.ಗ್ರಾಂ. ನಮ್ಮಲ್ಲಿ ಯಾರೂ ಕೇಳದ, ಆದರೆ ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಚಿತ್ರದುರ್ಗದವರು ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಮೆಕ್ಕೆಜೋಳವೇ ಮುಖ್ಯ ಊಟವಾದರೆ ಏನಾಗುತ್ತದೆ? 100 ಗ್ರಾಂನಲ್ಲಿ ಟ್ರಿಪ್ಟೊಫ್ಯಾನ್ 50ರಿಂದ 70 ಮಿ.ಗ್ರಾಂ ಮಾತ್ರ, ಇರುವ ನಿಯಾಸಿನ್ ಕೂಡ ಬಿಗಿದುಕೊಂಡಿದ್ದು ದಕ್ಕುವುದಿಲ್ಲ. ಬೇಳೆ, ಹಾಲು ಇಲ್ಲದೆ ಅದನ್ನೇ ತಿಂದವರಿಗೆ ಪೆಲ್ಲಾಗ್ರ ಬರುತ್ತದೆ: ಬಿಸಿಲು ಬೀಳುವ ಕತ್ತು ಕೈಗಳ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ನಿಲ್ಲುವುದಿಲ್ಲ, ಕೊನೆಗೆ ಬುದ್ಧಿ ಭ್ರಮಿಸುತ್ತದೆ. ಹೊಟ್ಟೆಗೂ ಮೆದುಳಿಗೂ ಈ ಅಮೈನೋ ಆಮ್ಲದ ನಂಟು ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು. ಜೋಳ ಉಣ್ಣುವ ಬಡವರಲ್ಲೂ ಇದು ಕಂಡಾಗ, ಜೋಳದ ಅತಿ ಲ್ಯೂಸಿನ್ ಕಾರಣವಿರಬಹುದೆಂದು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ ಹೇಳಿದರು. ಆ ವಾದ ಇತ್ಯರ್ಥವಾಗಲಿಲ್ಲ. ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಮೊಸರು ಇದ್ದವರು ಹೆದರಬೇಕಿಲ್ಲ.

ಮೆಕ್ಕೆಜೋಳದ ಈ ತೊಡಕಿಗೆ ಮೆಕ್ಸಿಕೋದವರು ಉಪಾಯ ಕಂಡುಕೊಂಡಿದ್ದರು. 1 ಕೆ.ಜಿ. ಮೆಕ್ಕೆಜೋಳ, 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣ ಹಾಕಿ ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು ರುಬ್ಬುತ್ತಾರೆ. ಬಿಗಿದ ನಿಯಾಸಿನ್ ಬಿಡುಗಡೆಯಾಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಬೇಡ, ಅಲ್ಯುಮಿನಿಯಂ ಪಾತ್ರೆಯೂ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಸ್ಟೀಲ್ ಪಾತ್ರೆ ಬಳಸಿ.

ಈಗ ಈ ಕಾಯಿಲೆ ಹೆಚ್ಚಾಗಿ ಕಾಣುವುದು ವಿಪರೀತ ಕುಡಿಯುವವರಲ್ಲಿ. ಕ್ಷಯಕ್ಕೆ ಐಸೊನಿಯಾಜಿಡ್ ತೆಗೆದುಕೊಳ್ಳುವವರಲ್ಲೂ ಆಗಬಹುದು, ಆ ಔಷಧಿ ಬಿ6 ಅನ್ನು ಕಟ್ಟಿಹಾಕುತ್ತದೆ ಮತ್ತು ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗಲು ಬಿ6 ಬೇಕೇಬೇಕು. ಮನೆಯಲ್ಲಿ ಅಂಥವರ ಕತ್ತಿನ ಸುತ್ತ ಕಪ್ಪು ಪಟ್ಟಿ, ಜೊತೆಗೆ ಭೇದಿ, ಮರೆವು ಕಂಡರೆ ಚರ್ಮದ ಮುಲಾಮು ಹಚ್ಚುತ್ತಾ ಕೂರದೆ ವೈದ್ಯರ ಬಳಿ ಕರೆದೊಯ್ಯಿರಿ. ಕುಡಿತವನ್ನೂ ಮಾತ್ರೆಗಳನ್ನೂ ಮುಚ್ಚಿಡದೆ ಹೇಳಿ. ನಿಯಾಸಿನಿನದೇ ಇನ್ನೊಂದು ರೂಪವಾದ ನಿಯಾಸಿನಮೈಡ್ ಶುರುವಾದರೆ ಭೇದಿಯೂ ಗೊಂದಲವೂ ಕೆಲವೇ ದಿನಗಳಲ್ಲಿ ತಗ್ಗತೊಡಗುತ್ತವೆ, ಚರ್ಮಕ್ಕೆ ವಾರಗಳು ಹಿಡಿಯುತ್ತವೆ.