ಲೈನೋಟೈಪ್‌ನ ಸ್ಪೇಸ್‌ಬ್ಯಾಂಡ್: ಸಾಲು ತುಂಬಿಸುವ ಬೆಣೆ, ಅದರ ಸವೆತ, ಅದರ ಸುಧಾರಣೆ

ಮೊದಲು ತೊಡಕು ಏನು ಅಂತ ನೋಡೋಣ. ಪುಟದ ಎಡ ಅಂಚೂ ಬಲ ಅಂಚೂ ನೇರವಾಗಿ ನಿಲ್ಲಬೇಕಾದರೆ ಪ್ರತಿ ಸಾಲೂ ಒಂದೇ ಅಗಲಕ್ಕೆ ಬರಬೇಕು. ಪದಗಳ ಅಗಲವನ್ನು ಬದಲಿಸಲು ಆಗುವುದಿಲ್ಲ. ಬದಲಿಸಬಹುದಾದ್ದು ಪದಗಳ ನಡುವಿನ ಜಾಗ ಮಾತ್ರ. ಆದರೆ ಆ ಜಾಗ ಎಷ್ಟಿರಬೇಕು ಅನ್ನುವುದು ಸಾಲು ಮುಗಿದ ಮೇಲೆ ತಾನೇ ಗೊತ್ತಾಗೋದು? ಜಾಗವನ್ನು ಇಡಬೇಕಾದದ್ದೋ ಸಾಲು ಜೋಡಿಸುತ್ತಿರುವಾಗಲೇ. ಕೈಯಲ್ಲಿ ಅಚ್ಚುಮೊಳೆ (ಲೋಹದ ಅಕ್ಷರ) ಜೋಡಿಸುವವರು ಒಂದು ಅಂದಾಜಿಗೆ ಸ್ಪೇಸ್ ಹಾಕುತ್ತಾ ಹೋಗಿ, ಕೊನೆಯಲ್ಲಿ ಹಿಂದಕ್ಕೆ ಬಂದು ದಪ್ಪ ಸ್ಪೇಸ್ ತೆಗೆದು ತೆಳುವಾದದ್ದನ್ನೋ, ತೆಳುವಾದದ್ದು ತೆಗೆದು ದಪ್ಪದ್ದನ್ನೋ ಹಾಕಿ ಸಾಲನ್ನು ಬಿಗಿ ಮಾಡುತ್ತಿದ್ದರು. ಕೈಗೆ ಇದು ಅಭ್ಯಾಸದ ಕೆಲಸ. ಯಂತ್ರಕ್ಕೆ ಇದೇ ತಲೆನೋವು.

ಜೇಮ್ಸ್ ಪೇಜ್ ಕಟ್ಟಿದ ಕಂಪೋಸಿಟರ್ ಯಂತ್ರ ಈ ಕೈಕೆಲಸವನ್ನೇ ಅನುಕರಿಸಲು ಹೊರಟಿತು. ಬಿಡಿ ಮೊಳೆಗಳನ್ನು ಜೋಡಿಸಿ, ಸಾಲನ್ನು ಅಳೆದು, ಸ್ಪೇಸ್‌ಗಳನ್ನು ಆಯ್ದು ಇಡಬೇಕಿತ್ತು. ಸುಮಾರು 18,000 ಭಾಗಗಳ ಆ ಯಂತ್ರವನ್ನು 1894ರಲ್ಲಿ ಶಿಕಾಗೋದ ಒಂದು ಪತ್ರಿಕೆಯಲ್ಲಿ ಪರೀಕ್ಷೆಗೆ ಹಾಕಿದರು. ಪದೇ ಪದೇ ಕೆಟ್ಟು ನಿಂತಿತು. ಅದಕ್ಕೆ ಹಣ ಸುರಿದ ಮಾರ್ಕ್ ಟ್ವೈನ್ ಸಾಲದಲ್ಲಿ ಮುಳುಗಿದ ಕಥೆ ಎಲ್ಲರಿಗೂ ಗೊತ್ತು.

ಟಾಲ್ಬರ್ಟ್ ಲ್ಯಾನ್‌ಸ್ಟನ್ ಅವರ ಮೋನೋಟೈಪ್, ಅಂದರೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಎರಕ ಹೊಯ್ಯುವ ಯಂತ್ರ, ಲೆಕ್ಕದ ದಾರಿ ಹಿಡಿಯಿತು. ಇದಕ್ಕೆ ಕೊನೆಯಲ್ಲಿ ಬರುತ್ತೇನೆ.

ಲೈನೋಟೈಪ್, ಅಂದರೆ ಇಡೀ ಸಾಲನ್ನು ಬಿಸಿ ಲೋಹದಲ್ಲಿ ಒಂದೇ ತುಂಡಾಗಿ ಎರಕ ಹೊಯ್ಯುವ ಯಂತ್ರ, ಮೂರನೆಯ ದಾರಿ ಹಿಡಿಯಿತು. ಅಲ್ಲಿ ಅಳತೆಯೂ ಇಲ್ಲ, ಲೆಕ್ಕವೂ ಇಲ್ಲ. ಪದಗಳ ನಡುವೆ ಆಮೇಲೆ ದಪ್ಪವಾಗಬಲ್ಲ ಒಂದು ಭಾಗವನ್ನು ಇಟ್ಟುಬಿಡುವುದು. ಸಾಲು ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ತಳ್ಳುವುದು. ಸಾಲು ತುಂಬಿದಾಗ ಅವು ತಾವಾಗಿಯೇ ನಿಲ್ಲುತ್ತವೆ. ಆ ಭಾಗವೇ ಸ್ಪೇಸ್‌ಬ್ಯಾಂಡ್.

ಜೋಡಿ ಬೆಣೆ

ಕೊಡಲಿಯ ಕಾವು ಸಡಿಲವಾದರೆ ಬೆಣೆ ಹೊಡೆದು ಬಿಗಿ ಮಾಡುತ್ತೇವಲ್ಲ, ತತ್ವ ಅದೇ. ಆದರೆ ಒಂದೇ ಬೆಣೆ ಇಟ್ಟರೆ ಇಲ್ಲಿ ಕೆಲಸ ಕೆಡುತ್ತದೆ. ಬೆಣೆಯ ಎರಡು ಮುಖಗಳು ಸಮಾನಾಂತರ ಅಲ್ಲ. ಒಂದು ತುದಿಯಲ್ಲಿ ಅಗಲ ಜಾಸ್ತಿ, ಇನ್ನೊಂದು ತುದಿಯಲ್ಲಿ ಕಡಿಮೆ. ಪಕ್ಕದ ಮ್ಯಾಟ್ರಿಕ್ಸ್‌ಗಳು (ಅಕ್ಷರದ ಗುಳಿ ಇರುವ ಪುಟ್ಟ ಎರಕದ ಅಚ್ಚುಗಳು) ಅದಕ್ಕೆ ಒರಗಿ ವಾಲುತ್ತವೆ. ವಾಲಿದ ಮ್ಯಾಟ್ರಿಕ್ಸ್‌ನಿಂದ ಬರುವ ಅಕ್ಷರವೂ ಸೊಟ್ಟ.

ಪರಿಹಾರ ಸರಳ. ಎರಡು ಬೆಣೆಗಳನ್ನು ತಲೆಕೆಳಗಾಗಿ ಜೋಡಿಸಬೇಕು. ಒಂದು ಉದ್ದದ್ದು, ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಇನ್ನೊಂದು ಗಿಡ್ಡದ್ದು, ಅದಕ್ಕೆ ಸ್ಲೀವ್ ಅನ್ನುತ್ತಾರೆ. ಸ್ಲೀವ್‌ಗೆ ಕಿವಿಯಂಥ ಚಾಚುಗಳಿವೆ. ಅವು ಸಾಲಿನ ಹಳಿಯ ಮೇಲೆ ಕೂರುವುದರಿಂದ ಸ್ಲೀವ್ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ಉದ್ದ ಬೆಣೆ ಮಾತ್ರ ಸ್ಲೀವ್‌ನ ತೋಡಿನೊಳಗೆ ಜಾರುತ್ತಾ ಮೇಲೇರುತ್ತದೆ. ಒಂದರ ಓರೆಯನ್ನು ಇನ್ನೊಂದರ ಓರೆ ಸರಿದೂಗಿಸುತ್ತದೆ. ಹಾಗಾಗಿ ಹೊರಗಿನ ಎರಡು ಮುಖಗಳು ಯಾವಾಗಲೂ ಸಮಾನಾಂತರ. ದಪ್ಪ ಎಷ್ಟೇ ಆಗಲಿ, ಪಕ್ಕದ ಮ್ಯಾಟ್ರಿಕ್ಸ್ ನೆಟ್ಟಗೆ ನಿಲ್ಲುತ್ತದೆ.

ಲೈನೋಟೈಪ್ ಅಂದ ಕೂಡಲೇ ಆಟ್ಮರ್ ಮೆರ್ಗೆಂಥಾಲರ್ ಹೆಸರು ಬರುತ್ತದೆ. ಜರ್ಮನಿಯಲ್ಲಿ ಗಡಿಯಾರದ ಕೆಲಸ ಕಲಿತು, 1872ರಲ್ಲಿ ಅಮೆರಿಕಕ್ಕೆ ಹೋಗಿ, ಬಾಲ್ಟಿಮೋರ್‌ನಲ್ಲಿ ಈ ಯಂತ್ರ ಕಟ್ಟಿದವರು ಅವರು. 1886ರ ಜುಲೈನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಅದನ್ನು ಮೊದಲು ಬಳಸಿತು. ಆದರೆ ಜೋಡಿ ಬೆಣೆಯ ಪೇಟೆಂಟ್ ಹಕ್ಕು ಜೇಕಬ್ ಶಕರ್ಸ್ ಎಂಬ ಇನ್ನೊಬ್ಬರಿಗೆ ಸಿಕ್ಕಿತು. ಆ ಪೇಟೆಂಟ್ ಮುಂದೆ ಎದುರಾಳಿಯಾಗಿದ್ದ ರಾಜರ್ಸ್ ಟೈಪೋಗ್ರಾಫ್ ಕಂಪನಿಯ ಕೈ ಸೇರಿತು. ಲೈನೋಟೈಪ್ ಕಂಪನಿ 1890ರ ದಶಕದಲ್ಲಿ ಆ ಕಂಪನಿಯನ್ನೇ ಕೊಂಡುಕೊಳ್ಳಬೇಕಾಯಿತು. ಅಂಗೈಯಲ್ಲಿ ಹಿಡಿಸುವ ಎರಡು ಉಕ್ಕಿನ ಪಟ್ಟಿಗಾಗಿ ಒಂದು ಕಂಪನಿ! ಸ್ಪೇಸ್‌ಬ್ಯಾಂಡ್‌ನ ಬೆಲೆ ಏನು ಅಂತ ತಿಳಿಯಲು ನನಗೆ ಇಷ್ಟು ಸಾಕು.

ಓರೆ ಎಷ್ಟಿರಬೇಕು?

ಇಲ್ಲಿ ಒಂದು ಪುಟ್ಟ ಲೆಕ್ಕ ಮಾಡಿ ನೋಡಿ. ಸಾಲಿನ ಅಗಲ 20 ಪೈಕಾ, ಅಂದರೆ 240 ಪಾಯಿಂಟ್ (ಎರಡೂ ಅಚ್ಚುಕೂಟದ ಅಳತೆಗಳು). ಅಕ್ಷರಗಳು ಮತ್ತು ತೀರಾ ತೆಳುವಾಗಿರುವ ಸ್ಪೇಸ್‌ಬ್ಯಾಂಡ್‌ಗಳು ಸೇರಿ 228 ಪಾಯಿಂಟ್ ಆಯಿತು ಅನ್ನೋಣ. ಉಳಿದದ್ದು 12 ಪಾಯಿಂಟ್. ಸಾಲಿನಲ್ಲಿ 6 ಸ್ಪೇಸ್‌ಬ್ಯಾಂಡ್ ಇದ್ದರೆ ಒಂದೊಂದೂ 2 ಪಾಯಿಂಟ್ ದಪ್ಪವಾಗಬೇಕು. ಅದು ಸುಮಾರು 0.7 ಮಿಲಿಮೀಟರ್. ಓರೆ 40ಕ್ಕೆ 1, ಅಂದರೆ 40 ಮಿಲಿಮೀಟರ್ ಏರಿದರೆ 1 ಮಿಲಿಮೀಟರ್ ದಪ್ಪ, ಅಂತ ಹಿಡಿದರೆ (ಲೆಕ್ಕಕ್ಕೆ ಸುಲಭ ಅಂತ ಹಿಡಿದ ಸಂಖ್ಯೆ, ಅಷ್ಟೇ) ಬೆಣೆ 28 ಮಿಲಿಮೀಟರ್ ಮೇಲೇರಬೇಕು.

ಓರೆಯನ್ನು 20ಕ್ಕೆ 1 ಮಾಡಿದರೆ 14 ಮಿಲಿಮೀಟರ್ ಏರಿದರೆ ಸಾಕು. ಬೆಣೆ ಗಿಡ್ಡವಾಗುತ್ತದೆ, ಯಂತ್ರವೂ ಚಿಕ್ಕದಾಗುತ್ತದೆ. ಹಾಗಾದರೆ ಯಾಕೆ ಹಾಗೆ ಮಾಡಬಾರದು? ಎರಡು ಕಾರಣ. ಓರೆ ಕಡಿದಾದಷ್ಟೂ ಅದೇ ತಳ್ಳುವಿಕೆಯಿಂದ ಸಿಗುವ ಅಗಲಿಸುವ ಬಲ ಕಡಿಮೆ. ಜೊತೆಗೆ, ಓರೆ ತುಂಬಾ ಸಣ್ಣದಿದ್ದಾಗ ಬೆಣೆ ಘರ್ಷಣೆಯಿಂದಲೇ ಕಚ್ಚಿಕೊಂಡು ನಿಲ್ಲುತ್ತದೆ. ಎರಕದ ಹೊತ್ತಿಗೆ ಪಕ್ಕದ ಒತ್ತಡ ಅದನ್ನು ಹಿಂದಕ್ಕೆ ಜಾರಿಸಲಾರದು. ಓರೆ ಜಾಸ್ತಿ ಮಾಡುತ್ತಾ ಹೋದರೆ ಈ ಕಚ್ಚುವ ಗುಣ ಕಳೆದುಹೋಗುತ್ತದೆ. ಅದಕ್ಕೇ ಸ್ಪೇಸ್‌ಬ್ಯಾಂಡ್ ಅಷ್ಟು ಉದ್ದ, ಅಷ್ಟು ಸಪೂರ. ಬೇರೆ ಬೇರೆ ಅಳತೆಯ ಅಕ್ಷರಗಳಿಗೆ ಒಂದೇ ಬ್ಯಾಂಡ್ ಹೊಂದುವುದಿಲ್ಲವಾದ್ದರಿಂದ ತೆಳು, ದಪ್ಪ ಎಂದು ಹಲವು ದಪ್ಪಗಳಲ್ಲಿ ಮಾಡಿದರು.

ತಳ್ಳುವ ಕ್ರಮ

ನನಗೆ ತುಂಬಾ ಇಷ್ಟವಾದ ಭಾಗ ಇದು. ಜೋಡಿಸಿದ ಸಾಲು ವೈಸ್‌ನ ಎರಡು ದವಡೆಗಳ ನಡುವೆ ಇಳಿಯುತ್ತದೆ. ಆ ದವಡೆಗಳ ಅಂತರವೇ ಸಾಲಿನ ಅಗಲ. ಕೆಳಗಿನಿಂದ ಜಸ್ಟಿಫಿಕೇಶನ್ ಬ್ಲಾಕ್ (ಸಾಲನ್ನು ಬಿಗಿ ಮಾಡುವ ದಿಮ್ಮಿ) ಮೇಲೇರಿ ಉದ್ದ ಬೆಣೆಗಳ ಬುಡವನ್ನು ತಳ್ಳುತ್ತದೆ. ಒಂದೇ ಸಲ ನೇರವಾಗಿ ತಳ್ಳಿದರೆ ಆಗಲ್ವಾ?

ಆಗುತ್ತದೆ, ಆದರೆ ಸರಿಯಾಗಿ ಆಗುವುದಿಲ್ಲ. ಸಾಲು ಅಗಲವಾಗಬೇಕಾದರೆ ಮ್ಯಾಟ್ರಿಕ್ಸ್‌ಗಳೆಲ್ಲ ಹಳಿಯ ಮೇಲೆ ಪಕ್ಕಕ್ಕೆ ಜರುಗಬೇಕು. ಅಲ್ಲಿ ಘರ್ಷಣೆ ಇದೆ. ಎಲ್ಲ ಬೆಣೆಗಳೂ ಒಟ್ಟಿಗೆ ಉಬ್ಬಿದರೆ ಸಾಲಿನ ನಡುವಿನವು ಎರಡೂ ಕಡೆಯಿಂದ ಸಿಕ್ಕಿಕೊಂಡು ಮೊದಲೇ ನಿಂತುಬಿಡಬಹುದು, ಅಂಚಿನವು ಇನ್ನೂ ಸಡಿಲವಾಗಿರಬಹುದು. ಅದಕ್ಕೆ ಎರಡು ಸಲ ತಳ್ಳುತ್ತಾರೆ. ಮೊದಲ ಸಲ ಬ್ಲಾಕ್ ಓರೆಯಾಗಿ, ಒಂದು ತುದಿ ಮುಂದಾಗಿ ಏರುತ್ತದೆ. ಬೆಣೆಗಳು ಒಂದರ ಹಿಂದೆ ಒಂದು ಉಬ್ಬಿ ಸಾಲು ಕ್ರಮವಾಗಿ ಹರಡಿಕೊಳ್ಳುತ್ತದೆ. ಎರಡನೆಯ ಸಲ ಬ್ಲಾಕ್ ಮಟ್ಟಸವಾಗಿ ಬಂದು ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತದೆ. ಎಲ್ಲ ಬೆಣೆಗಳ ಓರೆಯೂ ಒಂದೇ, ಎತ್ತರವೂ ಒಂದೇ. ಹಾಗಾಗಿ ಎಲ್ಲ ಜಾಗಗಳೂ ಸಮ.

ಇನ್ನೊಂದು ಜಾಣತನ ಇದೆ. ಬ್ಲಾಕನ್ನು ಮೇಲೆತ್ತುವುದು ಸ್ಪ್ರಿಂಗ್. ಕ್ಯಾಮ್‌ನ ಕೆಲಸ ಅದನ್ನು ಕೆಳಗೆ ತಡೆದು ಹಿಡಿಯುವುದು, ಬೇಕಾದಾಗ ಬಿಡುವುದು. ಕ್ಯಾಮ್ ನೇರವಾಗಿ ತಳ್ಳಿದ್ದರೆ ಪ್ರತಿ ಸಲವೂ ಒಂದೇ ದೂರ ತಳ್ಳುತ್ತಿತ್ತು. ಒಂದು ಸಾಲಿಗೆ 28 ಮಿಲಿಮೀಟರ್ ಬೇಕು, ಇನ್ನೊಂದಕ್ಕೆ 5 ಸಾಕು. ಎರಡನೆಯ ಸಾಲಿನಲ್ಲಿ ಏನಾದರೂ ಮುರಿಯಲೇಬೇಕು. ಸ್ಪ್ರಿಂಗ್ ದೂರವನ್ನು ನೋಡುವುದಿಲ್ಲ, ಬಲವನ್ನು ಮಾತ್ರ ಕೊಡುತ್ತದೆ. ಸಾಲು ತುಂಬಿತು, ನಿಂತಿತು. ಪರೀಕ್ಷೆಗೆ ಓದುವವರು ಈ ಒಂದು ಅಂಶವನ್ನು ಗಟ್ಟಿಮಾಡಿಕೊಳ್ಳಿ, ಉಳಿದದ್ದು ತಾನಾಗಿ ನೆನಪಿರುತ್ತದೆ.

ಬೆಣೆಗಳು ಪೂರ್ತಿ ಏರಿದರೂ ಸಾಲು ತುಂಬದೇ ಇದ್ದರೆ? ಆಗ ಎರಕ ಹೊಯ್ದರೆ ಸಂದಿಯಿಂದ ಕರಗಿದ ಲೋಹ ಹೊರಕ್ಕೆ ಚಿಮ್ಮುತ್ತದೆ. ಲೋಹದ ಬಿಸಿ 280 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದಕ್ಕಾಗಿ ಪಂಪ್ ಸ್ಟಾಪ್ ಇದೆ. ಉಬ್ಬಿದ ಸಾಲು ದವಡೆಯನ್ನು ಒತ್ತಿದರೆ ಮಾತ್ರ ಪಂಪ್ ಬಿಡುಗಡೆಯಾಗುತ್ತದೆ. ಸಾಲು ಉದ್ದವಾಗಿ ದವಡೆಗಳ ನಡುವೆ ಕೂರದಿದ್ದರೆ ಇನ್ನೊಂದು ತಡೆ ಯಂತ್ರವನ್ನೇ ನಿಲ್ಲಿಸುತ್ತದೆ.

ಸುಧಾರಣೆ ಎಲ್ಲಿ ಬೇಕಾಯಿತು

ನನ್ನ ಪ್ರಕಾರ, ಸ್ಪೇಸ್‌ಬ್ಯಾಂಡ್‌ನ ಆಕಾರ ಮೊದಲೇ ಸರಿಯಾಗಿ ಕೂತಿತ್ತು. ಆಮೇಲಿನ ತಲೆಬಿಸಿಯೆಲ್ಲ ಅದರ ಮೈಯದ್ದು. ಮೈ ಅಂದರೆ ಮೇಲ್ಮೈ: ನುಣುಪು, ಗಡಸು, ಸವೆತ, ಅಂಟಿಕೊಳ್ಳುವ ಸೀಸ.

ಸಾಲು ಎರಕದ ಬಾಯಿಗೆ ಒತ್ತಿ ನಿಂತಾಗ ಲೋಹ ಅಕ್ಷರದ ಗುಳಿಗಳಿಗೆ ಮಾತ್ರವಲ್ಲ, ಸ್ಪೇಸ್‌ಬ್ಯಾಂಡ್‌ನ ಅಂಚಿಗೂ ತಾಗುತ್ತದೆ. ತಾಗಿದ ಜಾಗದಲ್ಲಿ ಕಣದಷ್ಟು ಲೋಹ ಅಂಟಿ ಉಳಿಯುತ್ತದೆ. ಮುಂದಿನ ಸಾಲಿನಲ್ಲಿ ಆ ಕಣ ಪಕ್ಕದ ಮ್ಯಾಟ್ರಿಕ್ಸ್‌ಗೆ ಒತ್ತುತ್ತದೆ. ಮ್ಯಾಟ್ರಿಕ್ಸ್ ಹಿತ್ತಾಳೆಯದ್ದು. ಅಕ್ಷರದ ಗುಳಿಯ ಪಕ್ಕದ ಗೋಡೆ ತೀರಾ ತೆಳು. ಸ್ಪ್ರಿಂಗಿನ ಬಲಕ್ಕೆ ಆ ಗೋಡೆ ಒಳಕ್ಕೆ ಬಾಗುತ್ತದೆ. ಮುಂದೆ ಆ ಮ್ಯಾಟ್ರಿಕ್ಸ್ ಯಾವ ಸಾಲಿಗೆ ಹೋದರೂ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಸಂದಿಗೆ ಲೋಹ ನುಗ್ಗಿ, ಮುದ್ರಣದಲ್ಲಿ ಅಕ್ಷರಗಳ ನಡುವೆ ಸಣ್ಣ ಕಪ್ಪು ಗೆರೆ ಬೀಳುತ್ತದೆ. ಹಳೆಯ ಪತ್ರಿಕೆಗಳಲ್ಲಿ ಇಂಥ ಗೆರೆಗಳನ್ನು ನೀವು ನೋಡಿಯೇ ಇರುತ್ತೀರಿ.

ಗಮನಿಸಿ: ಗೆರೆಗೆ ಕಾರಣವಾದ ಹಾನಿ ಕಾಣುವುದು ಮ್ಯಾಟ್ರಿಕ್ಸ್‌ನಲ್ಲಿ, ಆದರೆ ಕೊಳೆ ಇದ್ದದ್ದು ಸ್ಪೇಸ್‌ಬ್ಯಾಂಡ್‌ನಲ್ಲಿ. ಮ್ಯಾಟ್ರಿಕ್ಸ್ ಬದಲಿಸಿ ಬ್ಯಾಂಡ್ ಹಾಗೇ ಬಿಟ್ಟರೆ ಹೊಸ ಮ್ಯಾಟ್ರಿಕ್ಸ್‌ಗೂ ಅದೇ ಗತಿ. ಹಾಗಾಗಿ ಪಾಳಿಗೊಮ್ಮೆ ಬ್ಯಾಂಡ್‌ಗಳನ್ನೆಲ್ಲ ಹೊರತೆಗೆದು, ಮೆದು ಮರದ ಚಪ್ಪಟೆ ಹಲಗೆಯ ಮೇಲೆ ಗ್ರಾಫೈಟ್ ಪುಡಿ ಹಾಕಿ ಉಜ್ಜುವುದು ನಿಯಮವಾಗಿತ್ತು. ಗ್ರಾಫೈಟ್ ಎರಡು ಕೆಲಸ ಮಾಡುತ್ತದೆ. ಬೆಣೆ ಜಾರಲು ನೆರವಾಗುತ್ತದೆ, ಲೋಹ ಅಂಟದ ಹಾಗೆ ತೆಳು ಪದರ ಬಿಡುತ್ತದೆ. ಎಣ್ಣೆ ಹಾಕಬಾರದು. ಎಣ್ಣೆ ಧೂಳನ್ನು ಹಿಡಿಯುತ್ತದೆ, ಬಿಸಿಗೆ ಸುಟ್ಟು ಅಂಟಾಗುತ್ತದೆ, ಮ್ಯಾಟ್ರಿಕ್ಸ್‌ಗೂ ಮೆತ್ತಿಕೊಳ್ಳುತ್ತದೆ. ಉಪ್ಪುಕಾಗದದಿಂದ ತಿಕ್ಕಿದರಂತೂ ಕಥೆ ಮುಗಿಯಿತು. ಕೊಳೆಯ ಜೊತೆ ಅಳತೆಯೂ ಹೋಗುತ್ತದೆ.

ಈ ತೊಂದರೆಗಳನ್ನು ಇಟ್ಟುಕೊಂಡು ಯೋಚಿಸಿದರೆ, ಭಾಗವನ್ನು ಸುಧಾರಿಸುವವರು ಎಲ್ಲೆಲ್ಲಿ ಕೈ ಹಾಕಬಹುದು ಅನ್ನುವುದು ತಾನಾಗಿ ತೆರೆದುಕೊಳ್ಳುತ್ತದೆ. ಮೇಲ್ಮೈಯನ್ನು ಗಡಸು ಮಾಡಬಹುದು. ಆದರೆ ಒಳಗೂ ಅಷ್ಟೇ ಗಡಸಾದರೆ ಸಪೂರ ಬೆಣೆ ಮುರಿಯುತ್ತದೆ, ಆದ್ದರಿಂದ ಹೊರಗೆ ಗಡಸು, ಒಳಗೆ ಬಾಗುವ ಗುಣ ಇರಬೇಕು. ಸ್ಲೀವ್ ಮತ್ತು ಬೆಣೆಯ ನಡುವಿನ ತೋಡು ಇನ್ನೊಂದು ಜಾಗ. ಅದು ಸಡಿಲವಾದರೆ ಹೊರಮುಖಗಳು ಸಮಾನಾಂತರ ಉಳಿಯುವುದಿಲ್ಲ. ಬಿಗಿಯಾದರೆ ಬೆಣೆ ತನ್ನ ಭಾರಕ್ಕೇ ಕೆಳಗೆ ಬೀಳುವುದಿಲ್ಲ. ಬೀಳದಿದ್ದರೆ ಮುಂದಿನ ಸಾಲಿಗೆ ಅದು ಆಗಲೇ ಉಬ್ಬಿಕೊಂಡು ಬರುತ್ತದೆ.

ಸ್ಪೇಸ್‌ಬ್ಯಾಂಡ್ ವಾಪಸ್ ಬರುವ ದಾರಿಯನ್ನೂ ಮರೆಯಬೇಡಿ. ಮ್ಯಾಟ್ರಿಕ್ಸ್‌ಗಳಿಗೆ ಮೇಲ್ಗಡೆ ಹಲ್ಲುಗಳಿವೆ, ಅವು ಎರಡನೆಯ ಎಲಿವೇಟರ್ (ಮೇಲೆತ್ತುವ ತೋಳು) ಹಿಡಿದು ತಮ್ಮ ಪೆಟ್ಟಿಗೆಯಾದ ಮ್ಯಾಗಜಿನ್‌ಗೆ ಮರಳುತ್ತವೆ. ಸ್ಪೇಸ್‌ಬ್ಯಾಂಡ್‌ಗೆ ಆ ಹಲ್ಲಿಲ್ಲ. ಅದು ಹಿಂದುಳಿಯುತ್ತದೆ, ಒಂದು ಸನ್ನೆ ಅದನ್ನು ಎಳೆದು ತನ್ನ ಪೆಟ್ಟಿಗೆಗೆ ಸೇರಿಸುತ್ತದೆ. ಕಿವಿ ಸವೆದ ಬ್ಯಾಂಡ್ ಈ ಎಳೆತದಲ್ಲಿ ಸೊಟ್ಟಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಪೆಟ್ಟಿಗೆಯಿಂದ ಒಂದರ ಬದಲು ಎರಡು ಬೀಳುತ್ತವೆ.

ಮೋನೋಟೈಪ್‌ನಲ್ಲೂ ಬೆಣೆಯೇ

ಮೋನೋಟೈಪ್‌ನಲ್ಲಿ ಅಕ್ಷರದ ಅಗಲವನ್ನು ಯೂನಿಟ್‌ಗಳಲ್ಲಿ ಎಣಿಸುತ್ತಾರೆ, ಎಮ್ ಎಂಬ ಅಗಲದ ಮಾನಕ್ಕೆ 18 ಯೂನಿಟ್. ಸಾಲಿನ ಕೊನೆಯಲ್ಲಿ ಎಷ್ಟು ಜಾಗ ಉಳಿಯಿತು, ಎಷ್ಟು ಸ್ಪೇಸ್ ಇವೆ ಅನ್ನುವುದರ ಮೇಲೆ ಕೀಲಿಮಣೆಯ ಡ್ರಮ್ ಎರಡು ಸಂಖ್ಯೆ ತೋರಿಸುತ್ತದೆ. ಅವನ್ನು ಒತ್ತಿದರೆ ಕಾಗದದ ಸುರುಳಿಯಲ್ಲಿ ತೂತು ಬೀಳುತ್ತದೆ. ಎರಕದ ಯಂತ್ರ ಸುರುಳಿಯನ್ನು ಹಿಂದುಮುಂದಾಗಿ ಓದುವುದರಿಂದ ಸಾಲಿನ ಅಕ್ಷರಗಳಿಗಿಂತ ಮೊದಲೇ ಜಾಗದ ಅಳತೆ ಸಿಗುತ್ತದೆ. ಆ ಎರಡು ಸಂಖ್ಯೆ ಎರಡು ಬೆಣೆಗಳನ್ನು ಸರಿಸುತ್ತವೆ. ಒಂದರ ಹೆಜ್ಜೆ 0.0075 ಇಂಚು, ಇನ್ನೊಂದರದು 0.0005 ಇಂಚು. ಎರಡಕ್ಕೂ 15 ಸ್ಥಾನ. ಲೈನೋಟೈಪ್‌ನ ಬೆಣೆ ಸಾಲಿನ ಒಳಗೇ ಕೂರುತ್ತದೆ, ಪ್ರತಿ ಎರಕದಲ್ಲೂ ಬಿಸಿ ಲೋಹ ಅದಕ್ಕೆ ತಾಗುತ್ತದೆ. ಮೋನೋಟೈಪ್‌ನದು ಲೋಹದಿಂದ ದೂರ, ತಣ್ಣಗೆ.

ಟೇಪ್ ಬಂದ ಮೇಲೆ

1928ರ ಹೊತ್ತಿಗೆ ಟೆಲಿಟೈಪ್‌ಸೆಟರ್ ಬಂತು. ತೂತಿನ ಟೇಪ್ ಲೈನೋಟೈಪನ್ನು ನಡೆಸತೊಡಗಿತು. ಟೇಪ್ ಕೊರೆಯುವವರ ಮುಂದೆ ಸಾಲೂ ಇಲ್ಲ, ಮ್ಯಾಟ್ರಿಕ್ಸೂ ಇಲ್ಲ. ಇರುವುದು ಅಳತೆ ತೋರಿಸುವ ಮುಳ್ಳುಗಳು ಮಾತ್ರ: ಬ್ಯಾಂಡ್‌ಗಳು ತೀರಾ ತೆಳುವಿದ್ದಾಗ ಸಾಲು ಎಷ್ಟು, ಪೂರ್ತಿ ಉಬ್ಬಿದಾಗ ಎಷ್ಟು. ಬೇಕಾದ ಅಗಲ ಈ ಎರಡರ ನಡುವೆ ಬಂದರೆ ಸಾಲು ಮುಗಿಸಬಹುದು.

ಹಾಗಾಗಿ ಸ್ಪೇಸ್‌ಬ್ಯಾಂಡ್‌ನ ಕನಿಷ್ಠ, ಗರಿಷ್ಠ ದಪ್ಪಗಳು ಲೆಕ್ಕದ ಒಳಗೆ ಸೇರಿಬಿಟ್ಟವು. ಯಂತ್ರದ ಮುಂದೆ ಆಪರೇಟರ್ ಕೂತಿದ್ದಾಗ ಸಾಲು ಸ್ವಲ್ಪ ಸಡಿಲ ಅನ್ನಿಸಿದರೆ ಕೈಯಿಂದ ಒಂದು ತೆಳು ಸ್ಪೇಸ್ ಸೇರಿಸುತ್ತಿದ್ದರು. ಟೇಪ್‌ಗೆ ಆ ಕಣ್ಣು ಇಲ್ಲ. ತೆಳು ಬ್ಯಾಂಡ್‌ಗಳ ಪೆಟ್ಟಿಗೆಯಲ್ಲಿ ನಾಲ್ಕು ದಪ್ಪನೆಯವು ಬೆರೆತಿದ್ದರೆ ಟೇಪ್‌ನ ಲೆಕ್ಕ ಸರಿಯಿದ್ದರೂ ಸಾಲು ದವಡೆಗಳ ನಡುವೆ ಹಿಡಿಸುವುದಿಲ್ಲ, ಯಂತ್ರ ನಿಲ್ಲುತ್ತದೆ. ಸವೆದು ತೆಳುವಾದವು ಇದ್ದರೆ ಉಲ್ಟಾ: ಸಾಲು ತುಂಬುವುದಿಲ್ಲ, ಪಂಪ್ ಸ್ಟಾಪ್ ಎರಕವನ್ನು ತಡೆಯುತ್ತದೆ, ಆ ಸಾಲೇ ಪತ್ರಿಕೆಯಲ್ಲಿ ಬಿಟ್ಟುಹೋಗುತ್ತದೆ. ಟೇಪ್ ಓಡುವ ಯಂತ್ರದಲ್ಲಿ ಬ್ಯಾಂಡ್ ಬದಲಿಸುವುದಾದರೆ ಒಂದೊಂದಾಗಿ ಅಲ್ಲ, ಒಂದೇ ಅಳತೆಯ ಇಡೀ ಸೆಟ್ಟನ್ನೇ ಬದಲಿಸುವುದು ಲೇಸು.