ಜನರೇಟರ್ ತಂದರೆ ಸಾಕಾ?

ಕರೆಂಟಿನ ವಿಷಯದಲ್ಲಿ ಉತ್ತರ ಕನ್ನಡ ಬಡ ಜಿಲ್ಲೆಯೇನಲ್ಲ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಒಂದಾದ ಮೇಲೊಂದು ಅಣೆಕಟ್ಟು. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳು. ಅದರಲ್ಲಿ ಒಂದನೇ ಘಟಕವಂತೂ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿತು. ಆದರೆ ಯಾಣದ ಕಡೆಯ ಯಾವುದೋ ಗದ್ದೆಬಯಲಿನಲ್ಲಿ ಮೂರು ದಿನದ ಶಿಬಿರ ಹಾಕಿ ನೋಡಿ. ಒಂದು ಬಲ್ಬು ಉರಿಸಬೇಕೆಂದರೂ ಜನರೇಟರ್ ತರಬೇಕು. ಅದಕ್ಕೋ, ನಾಲ್ಕೈದು ತಾಸಿಗೊಮ್ಮೆ ಪೆಟ್ರೋಲ್ ಬೇಕು.

ಎನ್ನೆಸ್ಸೆಸ್ ಶಿಬಿರ, ಚಾರಣದ ತಂಡ, ಕಡಲ ದಂಡೆಯ ಟೆಂಟುಗಳು, ಗದ್ದೆಯಲ್ಲಿ ನಡೆಯುವ ಯಕ್ಷಗಾನ ಬಯಲಾಟ, ಎಲ್ಲದಕ್ಕೂ ಇದೇ ಕಥೆ. ಒಂದು ಕಾಲದಲ್ಲಿ ಆಟಕ್ಕೆ ದೊಂದಿ ಬೆಳಕಿತ್ತು, ಆಮೇಲೆ ಗ್ಯಾಸ್‌ಲೈಟ್ ಬಂತು. ಈಗ ವೇಷ ಕಟ್ಟುವ ಚೌಕಿಯ ಹಿಂದೆ ಜನರೇಟರ್ ಗುಡುಗುತ್ತಿರುತ್ತದೆ. ಬಾಡಿಗೆಗೆ ತರುವಾಗ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೆವಿಎ (ಅಂದರೆ ಮಷಿನ್ನಿನ ಸಾಮರ್ಥ್ಯ), ದಿನಕ್ಕೆ ಎಷ್ಟು? ಅದನ್ನು ಎಲ್ಲಿ ಇಡಬೇಕು, ಅದರ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವೈರು, ಎಲ್ಲಿಗೆ ಕಟ್ಟಿದೆ ಎಂದು ಕೇಳುವವರು ಕಡಿಮೆ. ಊರಲ್ಲಾದರೆ ಇಂಥ ಕೆಲಸವನ್ನೆಲ್ಲ ಹೆಸ್ಕಾಂನವರು ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡಿಟ್ಟಿರುತ್ತಾರೆ. ಬಯಲಿನಲ್ಲಿ ಅದು ನಮ್ಮ ತಲೆಗೇ ಬರುತ್ತದೆ.

ಮೊದಲು ಕೆವಿಎ ಲೆಕ್ಕ ಮುಗಿಸಿಬಿಡೋಣ, ಅದು ಸುಲಭ. ಅರವತ್ತು ಜನರ ಶಿಬಿರ ಎಂದುಕೊಳ್ಳಿ. 9 ವಾಟ್‌ನ ಎಲ್‌ಇಡಿ ಬಲ್ಬು 25, ಅಂದರೆ 225 ವಾಟ್. 50 ವಾಟ್‌ನ ಫ್ಲಡ್‌ಲೈಟ್ ನಾಲ್ಕು, 200. ಮೈಕ್‌ಸೆಟ್ಟಿಗೆ 300, ಅಡುಗೆಮನೆಯ ಮಿಕ್ಸಿಗೆ 750, ಮೊಬೈಲ್ ಚಾರ್ಜಿಂಗಿಗೆ 200. ಎಲ್ಲ ಸೇರಿ 1,675 ವಾಟ್. ಎರಡೂವರೆ ಕೆವಿಎ ಮಷಿನ್ ಧಾರಾಳ ಸಾಕು ಅನ್ನಿಸುತ್ತದೆ, ಅಲ್ವಾ? ಅಷ್ಟರಲ್ಲಿ ಯಾರೋ ಬಂದು ಹಳ್ಳದ ನೀರೆತ್ತಲು ಒಂದು ಎಚ್‌ಪಿ ಪಂಪು ಜೋಡಿಸುತ್ತಾರೆ. ಒಂದು ಎಚ್‌ಪಿ ಅಂದರೆ 746 ವಾಟ್. ಆದರೆ ಅದು ಪಂಪು ಕೊಡುವ ಶಕ್ತಿ. ಎಳೆದುಕೊಳ್ಳುವುದು ಸಾವಿರ ವಾಟ್‌ಗಿಂತ ಜಾಸ್ತಿ. ಶುರುವಾಗುವ ಆ ಒಂದು ಗಳಿಗೆಯಲ್ಲಂತೂ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈಟುಗಳು ಮಂಕಾಗುತ್ತವೆ, ಎಂಜಿನ್ ನರಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿಗಾಗಿ ಚಿಕ್ಕ ಪೆಟ್ರೋಲ್ ಜನರೇಟರು ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರಬೇಕು. ವೇಗ ಬಿದ್ದರೆ ವೋಲ್ಟೇಜೂ ಬೀಳುತ್ತದೆ, ಹರ್ಟ್ಸೂ ಬೀಳುತ್ತದೆ. ಇದಕ್ಕೆ ಮದ್ದೆಂದರೆ ಪಂಪು ಮೊದಲು, ಮಿಕ್ಕದ್ದೆಲ್ಲ ಆಮೇಲೆ. ಇನ್ನೂ ಒಳ್ಳೆಯದೆಂದರೆ ಹಗಲಿನಲ್ಲೇ ಬೇರೇನನ್ನೂ ಹಾಕದೆ ಟ್ಯಾಂಕಿ ತುಂಬಿಸಿಕೊಂಡುಬಿಡುವುದು. ಎಲ್ಲ ಒಟ್ಟಿಗೇ ಓಡಬೇಕೆಂದರೆ 5 ಕೆವಿಎ ತನ್ನಿ. ಕೆವಿಎ ಅಂದರೆ ಕಿಲೋವಾಟ್ ಅಲ್ಲ. ಪವರ್ ಫ್ಯಾಕ್ಟರ್ 0.8 ಎಂದು ಬರೆದಿರುವ 5 ಕೆವಿಎ ಮಷಿನ್ ಕೊಡುವುದು 4 ಕಿಲೋವಾಟ್ ಮಾತ್ರ.

ವೈರಿನ ಕಡೆ ಬನ್ನಿ. ಜನರೇಟರನ್ನು 50 ಮೀಟರ್ ದೂರ ಇಟ್ಟಿದ್ದೀರಿ. ವೈರು 1.5 ಚದರ ಮಿಲಿಮೀಟರ್‌ನ ತಾಮ್ರದ್ದು. ಹೋಗಿ ಬರಲು ಒಟ್ಟು 100 ಮೀಟರ್ ತಾಮ್ರ, ರೋಧ ಸುಮಾರು 1.15 ಓಮ್. ಅದರಲ್ಲಿ 10 ಆಂಪಿಯರ್ ಹರಿದರೆ 11.5 ವೋಲ್ಟ್ ದಾರಿಯಲ್ಲೇ ಖರ್ಚು. ಜತೆಗೆ 115 ವಾಟ್ ಬಿಸಿ. ವೈರನ್ನು ಉದ್ದಕ್ಕೆ ಹಾಸಿದ್ದರೆ ಈ ಬಿಸಿ ಗಾಳಿಗೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಉಳಿದ ವೈರನ್ನು ಡ್ರಮ್ಮಿನಲ್ಲೇ ಸುತ್ತಿಟ್ಟರೆ ಬಿಸಿಗೆ ಹೊರಬರಲು ದಾರಿಯಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿಯವರೆಗೆ. ಡ್ರಮ್ಮಿನ ಒಳಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಹೊರಗಿನ ಸುತ್ತು ಹೊಸದರಂತೆ ಹೊಳೆಯುತ್ತಿರುವುದು ಬಾಡಿಗೆ ಸಾಮಾನಿನಲ್ಲಿ ಕಾಣಸಿಗುತ್ತದೆ. ಅಂಥದ್ದು ಕಂಡರೆ ಹಿಂದಿರುಗಿಸಿ. 2.5 ಚದರ ಮಿಲಿಮೀಟರ್‌ನ ವೈರು ಕೇಳಿ, ಪೂರ್ತಿ ಬಿಚ್ಚಿ ಹಾಸಿ.

ಇನ್ನು ಅರ್ಥಿಂಗ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು. ಎಲೆಕ್ಟ್ರಿಷಿಯನ್‌ಗಳಲ್ಲೂ ಕೆಲವರು ಇಲ್ಲಿ ಎಡವುತ್ತಾರೆ.

ಮನೆಗೆ ಬರುವ ಕರೆಂಟಿನ ನ್ಯೂಟ್ರಲ್ ವೈರನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ಫೇಸ್, ಅಂದರೆ ಕರೆಂಟು ಬರುವ ವೈರು, ಮುಟ್ಟಿದವನ ಮೈಯಿಂದ ಕರೆಂಟು ನೆಲಕ್ಕಿಳಿದು, ನೆಲದ ಮೂಲಕ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಒದ್ದೆ ಮೈಯ ರೋಧ ಸುಮಾರು ಸಾವಿರ ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಹತ್ತು ಮಿಲಿಆಂಪಿಯರ್ ದಾಟಿದರೇ ಕೈ ಸೆಟೆದುಕೊಂಡು ವೈರು ಬಿಡಲು ಆಗದಂತಾಗಬಹುದು. ಐವತ್ತು, ನೂರಕ್ಕೆ ಹೋದರೆ ಹೃದಯದ ಬಡಿತವೇ ದಿಕ್ಕು ತಪ್ಪಬಹುದು. ಇದನ್ನು ತಡೆಯಲೆಂದೇ ಆರ್‌ಸಿಸಿಬಿ ಎಂಬ ಸ್ವಿಚ್ ಇರುವುದು. ನಮ್ಮಲ್ಲಿ ಈಗಲೂ ಹೆಚ್ಚಿನವರು ಇಎಲ್‌ಸಿಬಿ ಎನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೋ ಇಲ್ಲವೋ ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ ಆಗುತ್ತದೆ.

ಎಷ್ಟೋ ಚಿಕ್ಕ ಜನರೇಟರುಗಳಲ್ಲಿ ಈ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ಫ್ರೇಮಿಗೂ ಇಲ್ಲ, ನೆಲಕ್ಕೂ ಇಲ್ಲ. ಒಂದೇ ಒಂದು ಡ್ರಿಲ್ಲಿಂಗ್ ಮಷಿನ್ ಓಡಿಸುವವರಿಗೆ ಇದು ಒಳ್ಳೆಯದೇ. ಫೇಸ್ ಮುಟ್ಟಿದರೂ ಕರೆಂಟಿಗೆ ಮರಳುವ ದಾರಿ ಇಲ್ಲ, ಶಾಕ್ ಹೊಡೆಯುವುದಿಲ್ಲ. ಆದರೆ ಶಿಬಿರದಲ್ಲಿ ಹತ್ತು ಕಡೆ ವೈರು ಓಡಾಡಿರುತ್ತದೆ. ಎಲ್ಲೋ ಶಾಮಿಯಾನದ ಕಬ್ಬಿಣದ ಕಂಬದ ಕೆಳಗೆ ಸಿಕ್ಕಿ ನ್ಯೂಟ್ರಲ್‌ನ ಹೊದಿಕೆ ಹರಿದು ಒದ್ದೆ ನೆಲಕ್ಕೆ ತಾಗುತ್ತದೆ. ಆಗ ಏನೂ ಆಗುವುದಿಲ್ಲ. ಮರುದಿನ ಅಡುಗೆಯವನು ಫೇಸ್ ಸೋರುತ್ತಿರುವ ಗ್ರೈಂಡರ್ ಮುಟ್ಟುತ್ತಾನೆ. ಈಗ ದಾರಿ ಪೂರ್ತಿಯಾಯಿತು. ಅವನ ಮೈಯಿಂದ ನೆಲಕ್ಕೆ, ನೆಲದಿಂದ ಆ ಹರಿದ ನ್ಯೂಟ್ರಲ್‌ಗೆ, ಅಲ್ಲಿಂದ ಆರ್‌ಸಿಸಿಬಿ ಮೂಲಕವೇ ಜನರೇಟರಿಗೆ. ಹೋದದ್ದೆಲ್ಲ ವಾಪಸ್ ಬಂತು, ಲೆಕ್ಕ ಸರಿಯಾಗಿದೆ ಎಂದು ಆರ್‌ಸಿಸಿಬಿ ಸುಮ್ನೆ ಕೂತಿರುತ್ತದೆ.

ಇದರಲ್ಲಿ ಇನ್ನೊಂದು ಮೋಸವಿದೆ. ಇಂಥ ಜೋಡಣೆಯಲ್ಲೂ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟಕ್ ಎಂದು ಟ್ರಿಪ್ ಆಗುತ್ತದೆ. ಏಕೆಂದರೆ ಆ ಬಟನ್ನಿಗೆ ಅರ್ಥಿಂಗ್ ಬೇಡ. ಅದು ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಚಿಕ್ಕ ಸೋರಿಕೆ ಮಾಡಿಕೊಂಡು ಪರೀಕ್ಷಿಸಿಕೊಳ್ಳುತ್ತದೆ. ಸ್ವಿಚ್ ಸರಿ ಇದೆ ಎಂಬುದಷ್ಟೇ ಇದರಿಂದ ಗೊತ್ತಾಗುತ್ತದೆ. ಜನ ಮಾತ್ರ ಇಡೀ ಶಿಬಿರ ಸರಿ ಇದೆ ಎಂದುಕೊಳ್ಳುತ್ತಾರೆ.

ಹಾಗಾಗಿ ದೊಡ್ಡ ಶಿಬಿರಕ್ಕೆ ಕರೆಂಟು ಹಂಚುವಾಗ ನ್ಯೂಟ್ರಲ್ಲನ್ನು ಜನರೇಟರಿನ ಫ್ರೇಮಿಗೆ ಮತ್ತು ಅರ್ಥಿಂಗ್ ರಾಡಿಗೆ ಒಂದೇ ಒಂದು ಕಡೆ, ಆರ್‌ಸಿಸಿಬಿಗಿಂತ ಮೊದಲು, ಕಟ್ಟುತ್ತಾರೆ. ಕೆಲವು ಮಷಿನ್‌ಗಳಲ್ಲಿ ಕಂಪನಿಯವರೇ ಕಟ್ಟಿರುತ್ತಾರೆ. ಕೆಲವು ಇನ್ವರ್ಟರ್ ಜನರೇಟರುಗಳಲ್ಲಿ ಕಟ್ಟಲೇಬಾರದು. ಅದರ ಪುಸ್ತಕ ನೋಡದೆ ಕೈ ಹಾಕುವುದು ಬೇಡ. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ನಾವು ಮಾಡಬೇಕಾದದ್ದು ಕೇಳುವುದು.

ರಾಡು ಹೊಡೆಯುವುದೂ ನಮ್ಮ ಜಿಲ್ಲೆಯಲ್ಲಿ ಸಲೀಸಲ್ಲ. ಗುಡ್ಡದ ಮೇಲೆ ಚಿರೆಕಲ್ಲು (ಜಂಬಿಟ್ಟಿಗೆ). ಮಾರ್ಚ್ ಏಪ್ರಿಲ್‌ನಲ್ಲಿ ಅದು ಒಣಗಿ ಬಿರುಸಾಗಿರುತ್ತದೆ, ಕರೆಂಟು ಹಿಡಿಯುವುದಿಲ್ಲ. ಕಡಲ ದಂಡೆಯ ಮೇಲ್ಮರಳೂ ಅಷ್ಟೇ. ಎರಡು ಮೊಳ ಕೆಳಗೆ ಉಪ್ಪು ನೀರಿನ ಪಸೆ ಸಿಕ್ಕಿದರೆ ಮಾತ್ರ ಬೇರೆ ಮಾತು. ಚಿರೆಕಲ್ಲಿನಲ್ಲಿ ಹೊಡೆದ ರಾಡಿನ ರೋಧ 100 ಓಮ್ ಬಂದರೆ 230 ವೋಲ್ಟಿಗೆ ನೆಲದ ಮೂಲಕ ಹರಿಯುವುದು ಎರಡೂ ಚಿಲ್ಲರೆ ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ, ಅಂದರೆ ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚಿಗೆ, ಅದು ಲೆಕ್ಕಕ್ಕೇ ಇಲ್ಲ. ಆದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆದ್ದರಿಂದ ಎಂಸಿಬಿ ಇದೆಯಲ್ಲ ಎಂದು ನೆಚ್ಚಿಕೊಂಡು ಕೂರಬೇಡಿ. ಮೂರನೇ ವೈರು, ಅಂದರೆ ಅರ್ಥ್ ವೈರು, ಪ್ರತಿ ಬೋರ್ಡಿನಿಂದಲೂ ಜನರೇಟರಿನ ಫ್ರೇಮಿನವರೆಗೆ ತುಂಡಾಗದೆ ಬರಬೇಕು. ತ್ರೀಪಿನ್ನಿನ ದಪ್ಪ ಪಿನ್ನು ಮುರಿದು ಟೂಪಿನ್ ಮಾಡಿಕೊಂಡವರನ್ನು ಅಡುಗೆಮನೆಯ ಹತ್ತಿರಕ್ಕೂ ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಶಾಕಿಗಾದರೂ ಜನ ಹೆದರುತ್ತಾರೆ. ಹೊಗೆಗೆ ಹೆದರುವವರು ಕಡಿಮೆ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು. ಮಧ್ಯಾಹ್ನದ ಊಟ ಸರಿಯಾಗಲಿಲ್ಲವೇನೋ ಎಂದು ಮಲಗುತ್ತಾರೆ. ಮಲಗಿದವರು ಏಳದೇ ಹೋಗಬಹುದು. ಒಂದೇ ಟೆಂಟಿನ ನಾಲ್ಕು ಜನರಿಗೆ ಒಟ್ಟಿಗೇ ತಲೆ ನೋಯುತ್ತಿದ್ದರೆ ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರನ್ನೂ ಬಯಲಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಕೊರೋನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ 98 ಬಂತು ಎಂದು ಸಮಾಧಾನ ಪಡುವಂತಿಲ್ಲ. ಆ ಸಾಧನಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ಅನಿಲ ಹೊತ್ತ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬರೀ ಗಾಳಿಯಲ್ಲಿದ್ದರೆ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು.

ಟೆಂಟಿನಿಂದ ಜನರೇಟರು ಕಡಿಮೆಯೆಂದರೂ 20 ಅಡಿ ದೂರ ಇರಬೇಕು, ಸೈಲೆನ್ಸರ್ ಆಚೆ ಮುಖ ಮಾಡಿರಬೇಕು ಎನ್ನುತ್ತಾರೆ. ಜಾಗ ಇದ್ದರೆ 50 ಅಡಿಗೆ ಹೋಗಿ, ಸದ್ದಿನ ಕಾಟವೂ ತಪ್ಪುತ್ತದೆ. ಆದರೆ ದೂರದಷ್ಟೇ ಮುಖ್ಯ ಗಾಳಿಯ ದಿಕ್ಕು. ಕಾರವಾರ, ಗೋಕರ್ಣ, ಹೊನ್ನಾವರದ ದಂಡೆಯಲ್ಲಿ ಹಗಲು ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ತಿರುಗಿ ಕಡಲಿನ ಕಡೆಗೆ ಹೋಗುತ್ತದೆ. ಸಂಜೆ ನಾಲ್ಕಕ್ಕೆ ಬಂದು ಗಾಳಿ ನೋಡಿ ಟೆಂಟುಗಳ ಪೂರ್ವಕ್ಕೆ ಜನರೇಟರ್ ಇಟ್ಟವರಿಗೆ ನಡುರಾತ್ರಿ ಅದೇ ಹೊಗೆ ಮುಖಕ್ಕೆ ಬರುತ್ತದೆ. ಕಡಲು ಪಶ್ಚಿಮಕ್ಕಿರುವ ನಮ್ಮ ಕರಾವಳಿಯಲ್ಲಿ ಟೆಂಟುಗಳ ಉತ್ತರಕ್ಕೋ ದಕ್ಷಿಣಕ್ಕೋ ಇಡುವುದು ಜಾಣತನ.

ಶಿರಸಿ, ಸಿದ್ದಾಪುರದ ಕಡೆ ಲೆಕ್ಕ ಬೇರೆ. ರಾತ್ರಿ ತಣಿದ ಗಾಳಿ ಭಾರವಾಗಿ ಬೆಟ್ಟದ ಇಳಿಜಾರಿಗುಂಟ ಕಣಿವೆಗೆ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ಬಚ್ಚಲೊಲೆಯ ಹೊಗೆ ಮೇಲೇಳದೆ ಅಡಿಕೆ ತೋಟದ ಮೇಲೆ ಚಾದರದ ಹಾಗೆ ಹಾಸಿಕೊಂಡಿರುವುದನ್ನು ಅಲ್ಲಿನವರೆಲ್ಲ ನೋಡಿದ್ದಾರೆ. ಆದ್ದರಿಂದ ಟೆಂಟಿಗಿಂತ ತಗ್ಗಿನ ಕಡೆ ಜನರೇಟರ್ ಇರಲಿ, ಆದರೆ ನೀರು ನಿಲ್ಲುವ ಗುಂಡಿಯಲ್ಲಿ ಬೇಡ. ತೀರಾ ಓರೆಯಾಗಿಟ್ಟರೆ ಎಂಜಿನ್ನಿನ ಆಯಿಲ್ ಒಂದು ಕಡೆ ಸರಿದು ಮಷಿನ್ ತಾನಾಗಿ ಬಂದ್ ಆಗಬಹುದು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಳೆ ಬಂದಾಗ. ಏಪ್ರಿಲ್, ಮೇ ಸಂಜೆ ಗುಡುಗು ಮಳೆ ಸುರಿಯುತ್ತದೆ, ಯಾರೋ ಓಡಿಹೋಗಿ ಓಡುತ್ತಿರುವ ಜನರೇಟರನ್ನೇ ಚಪ್ಪರದೊಳಗೆ ಎಳೆದು ತರುತ್ತಾರೆ. ನಾಲ್ಕು ಕಂಬ ನೆಟ್ಟು, ಸುತ್ತಲೂ ತೆರೆದಿಟ್ಟು, ಮೇಲೆ ಎತ್ತರದಲ್ಲಿ ಎರಡು ತಗಡು ಹೊದಿಸುವ ಕೆಲಸ ಮಳೆಗೆ ಮುಂಚೆಯೇ ಆಗಿರಬೇಕು.

ಪೆಟ್ರೋಲ್ ಹಾಕುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ಬಂದ್ ಮಾಡಿ, ತಣಿಯಲು ಬಿಟ್ಟು, ಆಮೇಲೆ ಹಾಕಬೇಕು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆ ಇದ್ದಲ್ಲಿಗೆ ಹೋಗುತ್ತದೆ. ಹತ್ತಿಕೊಂಡರೆ ನೀರು ಎರಚಬೇಡಿ, ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಬೆಂಕಿ ಆರಿಸುವ ಪೌಡರಿನ ಸಿಲಿಂಡರ್ ಒಂದು ಹತ್ತಿರ ಇರಲಿ.

ಊರ ಶಾಲೆಯಲ್ಲಿ ಶಿಬಿರ ನಡೆದರೆ ಒಂದು ದುರಾಸೆ ಹುಟ್ಟುತ್ತದೆ. ವೈರಿಂಗ್ ಹೇಗೂ ಇದೆ, ಕರೆಂಟು ಹೋದಾಗ ಎರಡೂ ತುದಿಗೆ ಪಿನ್ ಹಾಕಿದ ವೈರಿನಿಂದ ಜನರೇಟರನ್ನು ಗೋಡೆಯ ಪ್ಲಗ್ಗಿಗೇ ಚುಚ್ಚಿದರೆ ಆಯಿತಲ್ಲ! ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ಕರೆಂಟು ಕಂಬಕ್ಕೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರನ್ನು ಹಿಂದುಮುಂದಾಗಿ ಹೊಕ್ಕು ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಿ ಹೊರಬರಬಹುದು. ಅಲ್ಲಿ 11,000 ವೋಲ್ಟಿನ ತಂತಿಯ ಮೇಲೆ ಬಿದ್ದ ಮರ ಕಡಿಯುತ್ತಾ ಲೈನ್‌ಮನ್ ನಿಂತಿರುತ್ತಾನೆ. ಲೈನು ಅಥವಾ ಜನರೇಟರು, ಒಂದು ಸಲಕ್ಕೆ ಒಂದನ್ನೇ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಕಟ್ಟಡದ ವೈರಿಂಗಿಗೆ ಜನರೇಟರ್ ಸೇರಿಸಲೇಬಾರದು.

ನನ್ನನ್ನು ಕೇಳಿದರೆ ರಾತ್ರಿಯಿಡೀ ಜನರೇಟರ್ ಓಡಿಸುವುದೇ ದಂಡ. ಆಟ ಇದ್ದರೆ ಬೇರೆ, ಅಲ್ಲಿ ಎಲ್ಲರೂ ಎಚ್ಚರ ಇರುತ್ತಾರೆ. ಶಿಬಿರದಲ್ಲಿ ಜನ ಮಲಗಿದ ಮೇಲೆ ಬೇಕಾಗುವುದು ಹತ್ತು ಬಲ್ಬು, ಅಂದರೆ 90 ವಾಟ್. 12 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ 1,200 ವಾಟ್-ಅವರ್ ಇದೆ. ಬ್ಯಾಟರಿ ಹಾಳಾಗದಂತೆ ಅರ್ಧವನ್ನಷ್ಟೇ ಬಳಸಿದರೂ, ಇನ್ವರ್ಟರಿನಲ್ಲಿ ಹೋಗುವ ನಷ್ಟ ಕಳೆದು, ಐದೂವರೆ ತಾಸು ಬೆಳಕು. ಸಂಜೆ ಆರರಿಂದ ಜನರೇಟರ್ ಓಡುವಾಗಲೇ ಅದನ್ನು ಚಾರ್ಜಿಗೆ ಹಾಕಿಡಿ. ಹಿಂದಿನ ರಾತ್ರಿ ಅರ್ಧದಷ್ಟು ಇಳಿದಿದ್ದರೆ ಹಗಲು ಪಂಪು ಶುರುವಾಗಿ ಓಡತೊಡಗಿದ ಮೇಲೆಯೂ ಸ್ವಲ್ಪ ತುಂಬಿಸಿಕೊಳ್ಳಿ. ಹತ್ತು ಗಂಟೆಗೆ ಊಟ, ಹಾಡು, ಹರಟೆ ಎಲ್ಲ ಮುಗಿದ ಮೇಲೆ ಲೋಡು ತೆಗೆದು, ಎಂಜಿನ್ನನ್ನು ಎರಡು ನಿಮಿಷ ಖಾಲಿ ಓಡಿಸಿ, ಬಂದ್ ಮಾಡಿ, ಪೆಟ್ರೋಲ್ ಕಾಕ್ ತಿರುಗಿಸಿ. ಟಾಯ್ಲೆಟ್ ದಾರಿಯ ಬಲ್ಬುಗಳನ್ನು ಮಾತ್ರ ಬ್ಯಾಟರಿಗೆ ಹಾಕಿ ಮಲಗಿ. ಹತ್ತರ ಬದಲು ಆರೇ ಬಲ್ಬು ಉರಿಸಿದರೆ ಬೆಳಗಿನ ಜಾವದವರೆಗೂ ಬರುತ್ತದೆ.