ಇರಾನ್ ಮೊದಲಿನಿಂದಲೂ ಶಿಯಾ ದೇಶವೇ?

ಪ್ರಶ್ನೆ: ಸರ್, ಅರಬರಿಗೆ ಸೋತ ಸಿಟ್ಟಿನಲ್ಲಿ ಇರಾನಿನವರು ಇಸ್ಲಾಮಿನೊಳಗೇ ತಮ್ಮದೊಂದು ಬೇರೆ ಪಂಥ ಕಟ್ಟಿಕೊಂಡರಂತೆ, ಅದೇ ಶಿಯಾ ಅಂತೆ. ನಿಜವೇ?

ಉತ್ತರ: ಅಲ್ಲ.

ಇಷ್ಟು ಹೇಳಿ ಎದ್ದುಬಿಡಬಹುದಿತ್ತು. ಆದರೆ ಟೀವಿಯಲ್ಲಿ ಇರಾನಿನ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ನನ್ನ ಬೆನ್ನು ಹತ್ತುತ್ತದೆ. ಹೋದ ತಿಂಗಳು ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದೆಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಇದನ್ನು ಕೇಳಿದರು. ಕೇಳಿದರು ಅನ್ನುವುದೂ ತಪ್ಪು, ಅವರೇ ತೀರ್ಪು ಕೊಟ್ಟು, ನಾನು ಹೂಂ ಅನ್ನಲಿ ಎಂದು ಕಾಯುತ್ತಿದ್ದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಹೂಂ ಅನ್ನಲು ಬಾಯಿ ಬರುವುದಿಲ್ಲ. ಅಂದು ಪಾಯಸ ಬರುವಷ್ಟರಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಮುಂದೆ ಯಾರೇ ಕೇಳಿದರೂ ಇದನ್ನೇ ಓದಿ ಅನ್ನಬಹುದಲ್ಲ.

ಮೊದಲಿಗೆ ಜಗಳ ಹುಟ್ಟಿದ್ದು ಎಲ್ಲಿ ಎಂದು ನೋಡಿ. 632ರಲ್ಲಿ ಪೈಗಂಬರರು ತೀರಿಕೊಂಡರು. ಮುಂದಾಳು ಯಾರು ಎಂಬ ಪ್ರಶ್ನೆ ಎದ್ದಿತು. ಅಳಿಯ ಅಲಿಯವರೇ ಹಕ್ಕುದಾರರು ಎಂದವರು 'ಶಿಯಾ', ಅಂದರೆ ಅಲಿಯ ಪಕ್ಷದವರು. ಮದೀನಾ, ಕೂಫಾ, ಕರ್ಬಲಾ, ಇವೆಲ್ಲ ಅರಬರ ನಡುವಿನ ಕಥೆಯ ಊರುಗಳು. 680ರಲ್ಲಿ ಕರ್ಬಲಾದಲ್ಲಿ ಅಲಿಯವರ ಮಗ ಇಮಾಮ್ ಹುಸೇನರನ್ನು ಕೊಂದವರು ಅರಬರು, ಅವರ ಜೊತೆ ಮಡಿದವರಲ್ಲೂ ಬಹುಪಾಲು ಅರಬರೇ. ಅದೇ ಹೊತ್ತಿಗೆ ಇರಾನಿನ ಹೆಚ್ಚಿನ ಜನ ಇನ್ನೂ ಬೆಂಕಿಯ ಮುಂದೆ ಕೂತು ಅಹುರ ಮಜ್ದನ ಸ್ತುತಿ ಹೇಳುತ್ತಿದ್ದರು. ಅವರ ಕೊನೆಯ ದೊರೆ ಮೂರನೆಯ ಯಜ್ದಗರ್ದ್ ಮರ್ವ್ ಬಳಿ ಕೊಲೆಯಾಗಿ, 651ರಿಂದ ಲೆಕ್ಕ ಹಾಕಿದರೆ, ಮೂವತ್ತು ವರ್ಷವೂ ಆಗಿರಲಿಲ್ಲ. ಅವರು ಮುಸ್ಲಿಮರಾಗಲು ಇನ್ನೂ ಇನ್ನೂರು ಮುನ್ನೂರು ವರ್ಷ ಹಿಡಿಯಿತು, ಅದೂ ನಿಧಾನವಾಗಿ, ಊರೂರಾಗಿ. ಆಗ ಅವರು ಆದದ್ದಾದರೂ ಏನು? ಬಹುಪಾಲು ಸುನ್ನಿಗಳು, ಅಂದರೆ ಪೈಗಂಬರರ ನಂತರ ಮುಂದಾಳುಗಳಾಗಿ ಬಂದ ಖಲೀಫರನ್ನು ಒಪ್ಪಿದ ಪಂಥದವರು.

ಇಲ್ಲಿಗೆ ಬಂದಾಗ ಎದುರಿಗಿರುವವರ ಮುಖ ಹುಳ್ಳಗಾಗುತ್ತದೆ, ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಸಾಕ್ಷಿಯನ್ನು ಒಂದೊಂದಾಗಿ ಎಲೆಗೆ ಬಡಿಸುತ್ತೇನೆ.

ಸುನ್ನಿಗಳು ಕುರಾನಿನ ನಂತರ ಅತಿ ಹೆಚ್ಚು ನೆಚ್ಚುವುದು ಹದೀಸಿನ, ಅಂದರೆ ಪೈಗಂಬರರ ನಡೆನುಡಿಗಳ, ಆರು ಸಂಗ್ರಹಗಳನ್ನು. ಅವುಗಳನ್ನು ಮಾಡಿದವರ ಹೆಸರಿನ ಜೊತೆ ಊರನ್ನೂ ಓದಿ: ಬುಖಾರಿಯವರು ಬುಖಾರಾದವರು, ಮುಸ್ಲಿಂ ನಿಶಾಪುರದವರು, ತಿರ್ಮಿಜಿ ತಿರ್ಮಿಜ್‌ನವರು, ಅಬೂ ದಾವೂದ್ ಸಿಜಿಸ್ತಾನದವರು, ನಸಾಈ ನಸಾದವರು, ಇಬ್ನ್ ಮಾಜಾ ಕಜ್ವೀನಿನವರು. ಆರಕ್ಕೆ ಆರೂ ಪರ್ಷಿಯನ್ ಸೀಮೆಯ ಊರುಗಳು! ಮೆಕ್ಕಾದವರು ಒಬ್ಬರಿಲ್ಲ, ಮದೀನಾದವರು ಒಬ್ಬರಿಲ್ಲ. ಆರೂ ಜನ 870ರಿಂದ 915ರೊಳಗೆ ತೀರಿಕೊಂಡವರು. ಅವರಲ್ಲಿ ಕೆಲವರ ಮನೆತನ ಅರಬ್ ಮೂಲದ್ದು, ಒಪ್ಪೋಣ. ಆದರೂ ಸುನ್ನಿ ಪಂಥದ ಆಧಾರಗ್ರಂಥಗಳೇ ಸಿದ್ಧವಾದ ಸೀಮೆಯನ್ನು ಸುನ್ನಿಗಳ ಮೇಲಿನ ಹಗೆಗೆ ಬೇರೆ ಪಂಥ ಕಟ್ಟಿದ ಸೀಮೆ ಅನ್ನುವುದು ಹೇಗೆ?

ಸುನ್ನಿ ವಿದ್ವತ್ತಿನ ಶಿಖರ ಎನಿಸಿದ ಗಜಾಲಿ ಹುಟ್ಟಿದ್ದು 1058ರಲ್ಲಿ, ಇರಾನಿನ ಈಶಾನ್ಯದ ಖುರಾಸಾನಿನ ತೂಸ್‌ನಲ್ಲಿ. ಬಾಗ್ದಾದಿನಲ್ಲಿ ಸುನ್ನಿ ಪಾಠಕ್ಕೆಂದೇ ನಿಜಾಮಿಯಾ ಮದರಸಾ ಕಟ್ಟಿಸಿದ ವಜೀರ ನಿಜಾಮುಲ್ ಮುಲ್ಕ್ ಕೂಡ ಅದೇ ತೂಸಿನವನು. ನಮ್ಮ ಕಡೆ ಗ್ಯಾರವಿ ಹಬ್ಬದ ದಿನ ನೆನೆಯುವ ಅಬ್ದುಲ್ ಖಾದರ್ ಜೀಲಾನಿಯವರ ಹೆಸರಲ್ಲಿರುವ ಜೀಲಾನ್ ಇದೆಯಲ್ಲ, ಅದು ಕ್ಯಾಸ್ಪಿಯನ್ ಸಮುದ್ರದ ಮಗ್ಗುಲಿನ ಗೀಲಾನ್. ಅವರು ಹಂಬಲಿ ಸುನ್ನಿ. ಕವಿ ರೂಮಿ ಹನಫಿ ಸುನ್ನಿ. (ಹಂಬಲಿ, ಹನಫಿ, ಶಾಫಿ ಇವೆಲ್ಲ ಸುನ್ನಿಗಳೊಳಗಿನ ಕಾನೂನು ಪಂಥಗಳು.) ಹೆರಾತಿನ ಜಾಮಿ ಸುನ್ನಿ. ಪರ್ಷಿಯನ್ ಕಾವ್ಯ ಎಂದು ನಾವು ಬಾಯಿ ಚಪ್ಪರಿಸುವುದರಲ್ಲಿ ಬಹುಪಾಲು ಸುನ್ನಿಗಳು ಬರೆದದ್ದು.

ನನಗೆ ಬಲು ಇಷ್ಟದ ಸಾಕ್ಷಿ ಇನ್ನೊಂದಿದೆ. ಹತ್ತನೆಯ ಶತಮಾನದಲ್ಲಿ ಮುಕದ್ದಸಿ ಎಂಬ ಭೂಗೋಳಕಾರ ಇಸ್ಫಹಾನಿಗೆ ಹೋದ. ಜೆರುಸಲೇಮಿನವನು, ಪಕ್ಕಾ ಸುನ್ನಿ. ಊರಿನಲ್ಲೊಬ್ಬ ದೊಡ್ಡ ವಿರಾಗಿ ಇದ್ದಾನೆ ಎಂದು ಕೇಳಿ, ಜೊತೆಯ ಕಾರವಾನನ್ನು ಬಿಟ್ಟು ಆ ರಾತ್ರಿ ಅವನಲ್ಲಿ ಉಳಿದ. ಮಾತಿಗೆ ಮಾತು ಬೆಳೆಯಿತು. ಅಲಿಯ ಎದುರಾಳಿಯಾಗಿದ್ದ ಮುಆವಿಯಾ ಕೂಡ ದೇವರು ಕಳಿಸಿದ ಪ್ರವಾದಿಯೇ ಅಂದ ಆ ವಿರಾಗಿ. ಮುಕದ್ದಸಿ ಬೆಚ್ಚಿ, ಇಲ್ಲ ಸ್ವಾಮಿ, ಮೊದಲ ನಾಲ್ವರು ಖಲೀಫರು, ಮುಆವಿಯಾ ಬರೀ ದೊರೆ ಎಂದ. ಅಷ್ಟಕ್ಕೇ ವಿರಾಗಿ ಮುಕದ್ದಸಿಯನ್ನೇ ಬೈಯತೊಡಗಿದ, ಇವನು ಶಿಯಾ ಎಂದು ಜನರೆದುರು ಕೂಗಿದ. ಕಾರವಾನು ಸಮಯಕ್ಕೆ ಬಾರದಿದ್ದರೆ ನನ್ನ ಗತಿ ಮುಗಿಯುತ್ತಿತ್ತು ಎಂದು ಮುಕದ್ದಸಿ ತಾನೇ ಬರೆದಿಟ್ಟಿದ್ದಾನೆ. ಗಮನಿಸಿ, ಅರಬ್ ನಾಡಿನ ಸುನ್ನಿಯೊಬ್ಬ ಇರಾನಿನ ಊರಿನಲ್ಲಿ ಶಿಯಾ ಎಂಬ ಅಪವಾದಕ್ಕೆ ಪೆಟ್ಟು ತಿನ್ನುವುದರಲ್ಲಿದ್ದ. ಊರು ಯಾವುದು? ಮುಂದೆ ಶಿಯಾ ಸಾಮ್ರಾಜ್ಯದ ರಾಜಧಾನಿಯಾದ ಅದೇ ಇಸ್ಫಹಾನ್. ಅಲ್ಲಿ ಇನ್ನೂರು ವರ್ಷದ ಮೇಲೂ ಬೀದಿಕಾಳಗ ನಡೆದದ್ದು ಹನಫಿಗಳಿಗೂ ಶಾಫಿಗಳಿಗೂ. ಎರಡೂ ಸುನ್ನಿಗಳೇ!

ಹಾಗಾದರೆ ಇರಾನಿನಲ್ಲಿ ಶಿಯಾಗಳೇ ಇರಲಿಲ್ಲವೇ? ಇದ್ದರು. ಖುಮ್ ಇತ್ತು, ಕಾಶಾನ್, ಸಬ್ಜವಾರ್ ಇದ್ದವು. ಶಿಯಾಗಳ ಹದೀಸಿನ ನಾಲ್ಕು ಮುಖ್ಯ ಗ್ರಂಥಗಳನ್ನು ಮಾಡಿದವರೂ ಇರಾನಿನವರೇ, ಮುಚ್ಚಿಡುವುದಿಲ್ಲ. ದೈಲಮ್ ಬೆಟ್ಟದ ಬುವೈಹಿ ಮನೆತನದವರು ಶಿಯಾಗಳಾಗಿದ್ದು 945ರಲ್ಲಿ ಬಾಗ್ದಾದ್ ಹಿಡಿದರು. ಆದರೆ ಸುನ್ನಿ ಖಲೀಫನನ್ನು ಗದ್ದುಗೆಯಿಂದ ಇಳಿಸಲಿಲ್ಲ. ಇನ್ನು ಖುಮ್, ಇವತ್ತು ಆಯತುಲ್ಲಾಗಳ ಊರು. ಅದನ್ನು ಶಿಯಾ ಊರು ಮಾಡಿದವರು ಕೂಫಾದಿಂದ ವಲಸೆ ಬಂದ ಅಶ್ಅರಿ ಕುಲದ ಅರಬರು! ಅದೇ ಕಾಲಕ್ಕೆ ಶಿಯಾಗಳ ಅತಿ ದೊಡ್ಡ ರಾಜ್ಯ ಇದ್ದದ್ದು ಇರಾನಿನಲ್ಲಿ ಅಲ್ಲ, ಈಜಿಪ್ತಿನಲ್ಲಿ. ಕೈರೋ ನಗರವನ್ನು ಕಟ್ಟಿದ ಫಾತಿಮಿ ಖಲೀಫರು ಇಸ್ಮಾಯಿಲಿ ಶಿಯಾಗಳು.

ಒಬ್ಬರಾದರೂ ಶಹರ್‌ಬಾನು ಕಥೆ ತೆಗೆಯದೆ ಬಿಡುವುದಿಲ್ಲ. ಯಜ್ದಗರ್ದನ ಮಗಳು ಸೆರೆಯಾಗಿ ಬಂದು ಹುಸೇನರನ್ನು ಮದುವೆಯಾದಳು, ಹಾಗಾಗಿ ಮುಂದಿನ ಇಮಾಮರಲ್ಲಿ ಸಸಾನಿ ರಾಜರಕ್ತ ಹರಿಯಿತು, ಅದಕ್ಕೇ ಇರಾನಿನವರಿಗೆ ಅವರ ಮೇಲೆ ಪ್ರೀತಿ ಎನ್ನುವ ಕಥೆ ಅದು. ಕಥೆ ಚೆಂದವಾಗಿದೆ, ತೆಹರಾನ್ ಪಕ್ಕದ ರಯ್ ಬೆಟ್ಟದಲ್ಲಿ ಆಕೆಯ ಹೆಸರಿನ ಗುಡಿಯಂಥದೊಂದು ಕಟ್ಟಡವೂ ಇದೆ. ಆದರೆ ಹಳೆಯ ಬರಹಗಳು ಹುಸೇನರ ಮಗನಾದ ನಾಲ್ಕನೆಯ ಇಮಾಮರ ತಾಯಿಯನ್ನು ದಾಸಿ ಎಂದಷ್ಟೇ ಹೇಳುತ್ತವೆ, ಕೆಲವಂತೂ ಸಿಂಧ್ ಕಡೆಯವಳು ಅನ್ನುತ್ತವೆ. ರಾಜಕುಮಾರಿ ಹುಟ್ಟಿಕೊಂಡದ್ದು ಆಮೇಲೆ. ನಮ್ಮಲ್ಲೂ ಅರಸು ಮನೆತನಗಳು ಗದ್ದುಗೆ ಗಟ್ಟಿಯಾದ ಮೇಲೆ ತಾನೇ ಚಂದ್ರವಂಶ ಹುಡುಕಿಕೊಂಡದ್ದು?

ಸರಿ, ಬದಲಾದದ್ದು ಯಾವಾಗ? 1501ರಲ್ಲಿ. ಬದಲಾಯಿಸಿದವನಿಗೆ ಹದಿನಾಲ್ಕು ವರ್ಷ, ನಮ್ಮ ಎಂಟನೇ ಕ್ಲಾಸಿನ ಹುಡುಗನ ವಯಸ್ಸು. ಹೆಸರು ಇಸ್ಮಾಯಿಲ್, ಅರ್ದಬೀಲಿನ ಸಫವಿ ಸೂಫಿ ಮನೆತನ. ತಮಾಷೆಯೆಂದರೆ ಆ ಮನೆತನದ ಮೂಲಪುರುಷ ಶೇಖ್ ಸಫಿಯುದ್ದೀನ್ ಸುನ್ನಿ. ಇಸ್ಮಾಯಿಲನ ಹಿಂದೆ ಇದ್ದದ್ದು ಖಿಜಿಲ್‌ಬಾಷ್ ಪಡೆ, ಅಂದರೆ ಕೆಂಪುತಲೆಯವರು. ಹನ್ನೆರಡು ಇಮಾಮರ, ಅಂದರೆ ಅಲಿಯಿಂದ ಶುರುವಾಗುವ ಶಿಯಾ ಗುರುಪರಂಪರೆಯ, ನೆನಪಿಗೆ ಹನ್ನೆರಡು ಮಡಿಕೆಯ ಕೆಂಪು ಟೋಪಿ ಹಾಕುತ್ತಿದ್ದ ತುರ್ಕಿ ಬುಡಕಟ್ಟಿನವರು. ಇಸ್ಮಾಯಿಲ್ ಪದ್ಯ ಬರೆದದ್ದೂ ಹೆಚ್ಚಾಗಿ ತುರ್ಕಿಯಲ್ಲೇ, ಖತಾಈ ಎಂಬ ಅಂಕಿತದಲ್ಲಿ. 'ಪರ್ಷಿಯನ್ನರ ಸೇಡು' ಅನ್ನುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಅವನು ತಬ್ರೀಜ್ ಹಿಡಿದು, ಇನ್ನು ಮೇಲೆ ಹನ್ನೆರಡು ಇಮಾಮರ ಶಿಯಾ ಮತವೇ ರಾಜ್ಯದ ಮತ ಎಂದು ಸಾರಿದ. ಊರಿನಲ್ಲಿ ಮೂರರಲ್ಲಿ ಎರಡು ಪಾಲು ಸುನ್ನಿಗಳು, ಜನ ತಿರುಗಿಬಿದ್ದಾರು ಎಂದು ಅವನ ಕಡೆಯವರೇ ಅಂಜಿದ್ದನ್ನು ಚರಿತ್ರೆಕಾರರು ಬರೆದಿದ್ದಾರೆ. ಹುಡುಗ ಅಂಜಲಿಲ್ಲ, ಕತ್ತಿ ತೋರಿಸಿದ. ಬೀದಿಯಲ್ಲಿ ಅಲಿಗಿಂತ ಮೊದಲಿನ ಮೂವರು ಖಲೀಫರಿಗೆ ಶಾಪ ಹಾಕುತ್ತ ಹೋಗುವ ತಂಡಗಳನ್ನು ಬಿಟ್ಟ. ಕೇಳಿಸಿಕೊಂಡವರು 'ಬೀಶ್ ಬಾದ್, ಕಮ್ ಮಬಾದ್', ಅಂದರೆ ಹೆಚ್ಚಲಿ, ಕಡಿಮೆಯಾಗದಿರಲಿ ಎಂದು ಕೂಗಬೇಕು. ಸುಮ್ಮನಿದ್ದವನ ತಲೆಗೆ ಖಾತ್ರಿ ಇರಲಿಲ್ಲ.

ಮತವೇನೋ ಬಂತು, ಕಲಿಸುವವರು ಬೇಕಲ್ಲ! ಶಿಯಾ ಕಾನೂನು ಹೇಳುವ ಪುಸ್ತಕಕ್ಕಾಗಿ ಊರೆಲ್ಲ ತಡಕಾಡಿ, ಕೊನೆಗೆ ಒಬ್ಬ ಖಾಜಿಯ ಮನೆಯಲ್ಲಿ ಒಂದು ಹೊತ್ತಗೆ ಸಿಕ್ಕಿತಂತೆ. ಅದನ್ನು ಬರೆದವರು ಇರಾಕಿನ ಹಿಲ್ಲಾದ ಅರಬ್ ಪಂಡಿತರು. ಆಮೇಲೆ ಪಂಡಿತರನ್ನೇ ಕರೆಸಬೇಕಾಯಿತು. ಬಂದವರಲ್ಲಿ ಹೆಸರಾದವರು ಇವತ್ತಿನ ಲೆಬನಾನಿನ ಕಡೆಯವರು: ಕರಕೀ, ಮುಂದೆ ಬಾಲ್ಬೆಕ್ಕಿನಲ್ಲಿ ಹುಟ್ಟಿ ಇಸ್ಫಹಾನಿನಲ್ಲಿ ಕಣ್ಣುಮುಚ್ಚಿದ ಶೇಖ್ ಬಹಾಈ. ಹೀಗೆ ತುರ್ಕಿ ಮಾತಿನ ದೊರೆಮಕ್ಕಳು ಅರಬ್ ಪಂಡಿತರನ್ನು ಕರೆಸಿ ಪರ್ಷಿಯನ್ನರಿಗೆ ಶಿಯಾ ಮತ ಕಲಿಸಿದರು. ಸುಲಭಕ್ಕೇನೂ ಆಗಲಿಲ್ಲ, ಒಂದೆರಡು ತಲೆಮಾರು ಹಿಡಿಯಿತು. 1576ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಸ್ಮಾಯಿಲ್ ಎಲ್ಲವನ್ನೂ ಸುನ್ನಿ ಕಡೆಗೆ ತಿರುಗಿಸಲು ಹೊರಟು, ಮರುವರ್ಷವೇ ಸತ್ತ.

ಇವತ್ತಿನ ಇರಾನಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಶಿಯಾಗಳು ಎಂಬುದು ದಿಟ. ಆ ಭೂಪಟವನ್ನು ಹಿಂದಕ್ಕೆ ಎಳೆದು ಸಾವಿರ ವರ್ಷದ ಮೇಲೆ ಹಾಸುವುದರಿಂದಲೇ ಈ ಗೊಂದಲ. ಗಡಿಯಾಚೆ ನೋಡಿದರೂ ಸಾಕು: ತಜಿಕಿಸ್ತಾನದಲ್ಲಿ, ಅಫ್ಘಾನಿಸ್ತಾನದಲ್ಲಿ ಪರ್ಷಿಯನ್ ಆಡುವವರಲ್ಲಿ ಹೆಚ್ಚಿನವರು ಸುನ್ನಿಗಳು. ಸಫವಿಗಳ ಕೈ ಅಲ್ಲಿ ಗಟ್ಟಿಯಾಗಿ ಊರಲಿಲ್ಲ.

ಇದರ ಬಿಸಿ ನಮ್ಮ ವಿಜಯಪುರಕ್ಕೂ ತಟ್ಟಿತ್ತು. ತಬ್ರೀಜಿನ ಸುದ್ದಿ ಬಂದದ್ದೇ ತಡ, 1502ರ ಸುಮಾರಿಗೆ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ಶಿಯಾ ಖುತ್ಬಾ, ಅಂದರೆ ಶುಕ್ರವಾರದ ನಮಾಜಿನ ಪ್ರವಚನ, ಓದಿಸಿದ. ಅಕ್ಕಪಕ್ಕದ ಸುಲ್ತಾನರು ಮೇಲೆ ಬಿದ್ದಾಗ ಕೆಲಕಾಲ ಹಿಂದೆಗೆದ. ಮಗ ಇಸ್ಮಾಯಿಲ್ ಆದಿಲ್ ಶಾಹ ಸೈನಿಕರ ತಲೆಗೆ ಅದೇ ಹನ್ನೆರಡು ಮಡಿಕೆಯ ಟೋಪಿ ಹಾಕಿಸಿದ. ಮೊಮ್ಮಗ ಒಂದನೆಯ ಇಬ್ರಾಹಿಂ ಟೋಪಿ ತೆಗೆಸಿ ಸುನ್ನಿ ಮಾಡಿದ. ಮರಿಮಗ ಅಲಿ ಮತ್ತೆ ಶಿಯಾ. ಅವನ ನಂತರ ಬಂದ ಎರಡನೆಯ ಇಬ್ರಾಹಿಂ, ಇಬ್ರಾಹಿಂ ರೋಜಾದಲ್ಲಿ ಮಲಗಿರುವವನು, ಮತ್ತೆ ಸುನ್ನಿ. ಇದನ್ನೆಲ್ಲ ಬರೆದಿಟ್ಟ ಫರಿಶ್ತಾ ಈ ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿದ್ದವನು, ಹುಟ್ಟಿದ್ದು ಕ್ಯಾಸ್ಪಿಯನ್ ಕಡೆಯ ಅಸ್ತರಾಬಾದಿನಲ್ಲಿ. ಬೀದರಿಗೆ ಹೋದವರು ಅಷ್ಟೂರಿನ ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ನೋಡಿರುತ್ತೀರಿ. ಅದು ಖಲೀಲುಲ್ಲಾರ ಗೋರಿ. ಅವರ ತಂದೆ ಇರಾನಿನ ಮಾಹಾನ್‌ನ ಶಾಹ ನಿಅಮತುಲ್ಲಾ ಸುನ್ನಿ ಸೂಫಿ. ಅದೇ ಪರಂಪರೆ ಇವತ್ತು ಇರಾನಿನಲ್ಲಿ ಹೆಸರಾಂತ ಶಿಯಾ ಸೂಫಿ ಪರಂಪರೆ. ಊರಿನಂತೆ ಪೀರರ ಮನೆತನವೂ ಪಂಥ ಬದಲಿಸಿತು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆಗೆ ಉತ್ತರಿಸುವ ಚಪಲ ನನಗೆ. ನಮ್ಮ ಮುಸ್ಲಿಮರು ದಿನಕ್ಕೆ ಐದು ಸಲ ಮಾಡುವುದಕ್ಕೆ 'ನಮಾಜ್' ಅನ್ನುತ್ತಾರಲ್ಲ, ಅರಬಿಯಲ್ಲಿ ಅದು 'ಸಲಾತ್'. ಉಪವಾಸದ 'ರೋಜಾ' ಅರಬಿಯಲ್ಲಿ 'ಸೌಮ್'. ಪೈಗಂಬರ್, ದರ್ಗಾ, ಪೀರ್, ಖುದಾ, ಒಂದೂ ಅರಬಿಯಲ್ಲ, ಎಲ್ಲ ಪರ್ಷಿಯನ್. ಬಳಸುವವರು ಮಾತ್ರ ಹೆಚ್ಚಿನವರು ಸುನ್ನಿಗಳು. ಉತ್ತರ ಹಿಂದೂಸ್ತಾನಕ್ಕೆ, ಅಲ್ಲಿಂದ ದಖನ್ನಿಗೆ ಇಸ್ಲಾಂ ಬಂದದ್ದು ಪರ್ಷಿಯನ್ ಬಾಯಿಯ ಮೂಲಕ, ಇರಾನ್ ಇನ್ನೂ ಸುನ್ನಿಯಾಗಿದ್ದಾಗ. ಈ 'ನಮಾಜ್' ಇಸ್ಲಾಮಿಗಿಂತ ಹಳೆಯ ಪದ, ಸಂಸ್ಕೃತದ 'ನಮಸ್' ಅದರ ಒಡಹುಟ್ಟು. ಅಂದರೆ ನಮ್ಮ ನಮಸ್ಕಾರದ ನೆಂಟ.

ಘಟ್ಟ ಇಳಿದು ಮಂಗಳೂರು ಕಡೆಯ ಬ್ಯಾರಿಗಳನ್ನು ಕೇಳಿ ನೋಡಿ. ಅವರಲ್ಲಿಗೆ ಇಸ್ಲಾಂ ಬಂದದ್ದು ಅರಬ್ ವರ್ತಕರ ಹಡಗಿನಲ್ಲಿ, ಇರಾನಿನ ದಾರಿಯಲ್ಲಲ್ಲ. ಅವರ ಮನೆಮಾತಿನಲ್ಲಿ ರೋಜಾ ಇಲ್ಲ, 'ನೋಂಬು' ಇದೆ, ನಮ್ಮ ನೋಂಪಿಯ ತಂಗಿ. ನಮಾಜಿಗೆ ಅವರು ಅನ್ನುವುದು 'ನಿಸ್ಕಾರ'. ಅದು ನಮಸ್ಕಾರವೇ ಸವೆದು ಆದದ್ದು.